ಮೂರನೆಯ ದಿನದ ಗುದ್ದಲಿ: ಪಶ್ಚಿಮ ಕೆನ್ಯಾದ ಸಣ್ಣ ಸಭೆಗಳಿಗೆ ಸೇವೆಗೆ ಹೊರಡುವವರಿಗೆ

ಅತಿಥಿಗೆ ಎರಡು ದಿನ ಉಪಚಾರ, ಮೂರನೆಯ ದಿನ ಅವನ ಕೈಗೆ ಗುದ್ದಲಿ ಕೊಡು ಎಂಬ ಗಾದೆಯೊಂದು ಸ್ವಾಹಿಲಿಯಲ್ಲಿದೆ. ಹತ್ತು ದಿನಗಳ ಮಟ್ಟಿಗೆ ಕೆನ್ಯಾದ ಹಳ್ಳಿಯ ಕ್ರೈಸ್ತ ಸಭೆಗಳಲ್ಲಿ ಸೇವೆ ಮಾಡಲು ಕರ್ನಾಟಕದಿಂದ ಹೊರಡುವ ತಂಡಕ್ಕೆ ಇದಕ್ಕಿಂತ ಚಿಕ್ಕದಾದ, ಇದಕ್ಕಿಂತ ಉಪಯುಕ್ತವಾದ ಕೈಪಿಡಿ ನನಗೆ ಗೊತ್ತಿಲ್ಲ. ಕೆಲವು ತಂಡಗಳು ಹತ್ತೂ ದಿನ ಅತಿಥಿಗಳಾಗಿಯೇ ಉಳಿದು ಉಂಡು ಬರುತ್ತವೆ. ಇನ್ನು ಕೆಲವು ತಂಡಗಳು ತಮ್ಮ ಗುದ್ದಲಿಯನ್ನು ಊರಿನಿಂದಲೇ ಹೊತ್ತೊಯ್ದು, ತಮಗೆ ತೋಚಿದಲ್ಲಿ ಅಗೆದು ಬರುತ್ತವೆ. ಗುದ್ದಲಿಯನ್ನು ಆ ಮನೆಯವರೇ ಕೊಡಬೇಕು, ಎಲ್ಲಿ ಅಗೆಯಬೇಕೆಂದೂ ಅವರೇ ಹೇಳಬೇಕು.

ಹೊರಡುವ ಮೊದಲು ಆ ನೆಲದ ಸಭೆಗಳ ವಯಸ್ಸನ್ನು ತಿಳಿದುಕೊಂಡಿರಬೇಕು. ಕಾಕಮೆಗಾ, ವಿಹಿಗಾ, ಬುಸಿಯಾ, ಕಿಸುಮು ಕಡೆಯ ಊರುಗಳು ಸುವಾರ್ತೆ ಮುಟ್ಟದ ಊರುಗಳಲ್ಲ. ವಿಹಿಗಾ ಸೀಮೆಯ ಕೈಮೋಸಿಗೆ ಕ್ವೇಕರ್ ಎಂಬ ಕ್ರೈಸ್ತ ಪಂಗಡದ ಮಿಷನರಿಗಳು ಬಂದದ್ದು 1902ರಲ್ಲಿ. ಈಗ ಅಲ್ಲಿ ಕ್ವೇಕರ್, ಆಂಗ್ಲಿಕನ್, ಸಾಲ್ವೇಶನ್ ಆರ್ಮಿ, ಪೆಂಟೆಕೋಸ್ಟ್ ಸಭೆಗಳು ಅಕ್ಕಪಕ್ಕದಲ್ಲೇ ಇರುತ್ತವೆ, ಮುತ್ತಜ್ಜಿಯ ಕಾಲದಿಂದ ಒಂದೇ ಸಭೆಗೆ ಸೇರಿದ ಮನೆಗಳೂ ಇವೆ. ಕೆನ್ಯಾಕ್ಕೂ ನಮಗೂ ಒಂದು ಹಳೆಯ ನಂಟೂ ಇದೆ. 1834ರಲ್ಲಿ ಮಂಗಳೂರಿಗೆ ಬೋಧಕರನ್ನು ಕಳುಹಿಸಿದ ಬಾಸೆಲ್ ಮಿಷನ್ನಿನ ಸೆಮಿನರಿಯಲ್ಲಿ ಕಲಿತ ಯೋಹಾನ್ ಲುಡ್ವಿಗ್ ಕ್ರಾಫ್, 1844ರಲ್ಲಿ ಮೊಂಬಾಸಾಕ್ಕೆ ಬಂದಿಳಿದನು. ಅವನ ಸ್ವಾಹಿಲಿ ನಿಘಂಟು 1882ರಲ್ಲಿ ಹೊರಬಂತು, ಅದೇ ಬಾಸೆಲ್ಲಿನಿಂದ ಬಂದ ಕಿಟೆಲ್ಲರ ಕನ್ನಡ ನಿಘಂಟು 1894ರಲ್ಲಿ. ಪರಭಾಷೆಯ ಜನರ ನಡುವೆ ಸೇವೆ ಮಾಡಲು ಅವರಿಗೆ ಹತ್ತಾರು ವರ್ಷಗಳು ಬೇಕಾಗಿದ್ದವು. ನಮ್ಮ ಕೈಯಲ್ಲಿ ಹತ್ತು ದಿನಗಳಿವೆ ಎಂಬುದನ್ನು ನೆನಪಿನಲ್ಲಿಟ್ಟುಕೊಂಡರೆ ಯೋಜನೆ ತಾನಾಗಿಯೇ ಸಣ್ಣದಾಗುತ್ತದೆ, ಆಗುವುದು ಒಳ್ಳೆಯದು.

ಮೊದಲ ಕೆಲಸ ಪತ್ರವ್ಯವಹಾರ. ಆಹ್ವಾನವು ಅಲ್ಲಿನ ಸಭೆಯಿಂದ, ಅದರ ಮೇಲಧಿಕಾರಿಗಳ ಒಪ್ಪಿಗೆಯೊಂದಿಗೆ, ಲಿಖಿತವಾಗಿ ಬರಬೇಕು. ಅಂತರ್ಜಾಲದಲ್ಲಿ ಪರಿಚಯವಾದ ಒಬ್ಬ ವ್ಯಕ್ತಿಯ ಮಾತಷ್ಟನ್ನೇ ನಂಬಿ ಟಿಕೆಟ್ ಕೊಳ್ಳಬಾರದು. “ನಿಮಗೇನು ಬೇಕು?” ಎಂದು ಪಾಸ್ಟರನ್ನು ಕೇಳಿದರೆ “ನೀವು ಬಂದರೆ ಸಾಕು” ಎಂಬ ಸೌಜನ್ಯದ ಉತ್ತರವಷ್ಟೇ ಸಿಗುತ್ತದೆ. ನಮ್ಮ ಅಯ್ಯನವರೂ, ಅಂದರೆ ನಮ್ಮ ಸಭೆಯ ಪಾಸ್ಟರೂ, ಹಾಗೆಯೇ ಹೇಳುತ್ತಾರಲ್ಲವೇ? ಅದರ ಬದಲು, “ನಾವು ಬಾರದೇ ಇದ್ದರೆ ಆ ವಾರ ನಿಮ್ಮ ಸಭೆಯಲ್ಲಿ ಏನೇನು ನಡೆಯುತ್ತಿತ್ತು?” ಎಂದು ಕೇಳಬೇಕು. ಗೃಹ ಪ್ರಾರ್ಥನೆಗಳು, ಸ್ತ್ರೀಯರ ಕೂಟ, ಯೌವನಸ್ಥರ ಕೂಟ, ಯಾರದೋ ಮನೆಯ ಮರಣದ ಕಾರ್ಯ, ಭಾನುವಾರದ ಆರಾಧನೆ ಎಂದು ಪಟ್ಟಿಯೊಂದು ಬರುತ್ತದೆ. ತಂಡದ ಕಾರ್ಯಕ್ರಮ ಆ ಪಟ್ಟಿಯೇ ಆಗಿರಬೇಕು. ಅದಕ್ಕೆ ಹೊರತಾಗಿ ನಾವೊಂದು ಉಜ್ಜೀವನ ಕೂಟವನ್ನು ಏರ್ಪಡಿಸಿದರೆ, ಶಾಮಿಯಾನ, ಧ್ವನಿವರ್ಧಕ, ಜನರೇಟರುಗಳ ಬಾಡಿಗೆಯ ಬಾಕಿ ನಾವು ವಿಮಾನ ಹತ್ತಿದ ಮೇಲೂ ಆ ಸಭೆಯ ಹೆಗಲ ಮೇಲೆ ಉಳಿದೀತು.

ತಂಡದಲ್ಲಿ ನಾಲ್ಕರಿಂದ ಆರು ಜನರಿದ್ದರೆ ಸಾಕು. ಹದಿನಾಲ್ಕು ಸೀಟುಗಳ ಒಂದು ಮಟಾಟುವಿನಲ್ಲಿ, ಅಂದರೆ ಅಲ್ಲಿನ ಬಾಡಿಗೆ ವ್ಯಾನಿನಲ್ಲಿ, ಆತಿಥೇಯರೊಂದಿಗೆ ಒಟ್ಟಿಗೆ ಕುಳಿತು ಹೋಗಬಹುದು. ಹದಿನೈದು ಜನ ಹೋದರೆ ಅವರಿಗೆ ಅಡುಗೆ ಮಾಡಿ ಹಾಕುವುದರಲ್ಲೇ ಆ ಸಭೆಯ ಹೆಂಗಸರ ವಾರ ಕಳೆದುಹೋಗುತ್ತದೆ.

ದಿನಾಂಕಗಳನ್ನು ಗೊತ್ತುಮಾಡುವಾಗ ನಮ್ಮ ರಜೆಗಿಂತ ಅವರ ಹೊಲವನ್ನು ನೋಡಬೇಕು. ಮಾರ್ಚ್‌ನಿಂದ ಮೇವರೆಗೆ ದೊಡ್ಡ ಮಳೆ. ಬಿತ್ತನೆ, ಕಳೆ ಕೀಳುವ ಕೆಲಸಗಳಲ್ಲಿ ಮನೆಮಂದಿಯೆಲ್ಲ ತೊಡಗಿರುತ್ತಾರೆ, ಮಣ್ಣುದಾರಿಗಳಲ್ಲಿ ವಾಹನಗಳು ಹೂತುಕೊಳ್ಳುತ್ತವೆ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಸಣ್ಣ ಮಳೆ. ಜನವರಿಯಲ್ಲಿ ಒಣ ಹವೆಯಿದ್ದರೂ ಅದು ಶಾಲೆಯ ಶುಲ್ಕ ಕಟ್ಟುವ ತಿಂಗಳು, ಕ್ರಿಸ್ಮಸ್ ಮುಗಿದು ಕೈ ಬರಿದಾಗಿರುವ ಕಾಲ. ಹಾಗಾಗಿ ಫೆಬ್ರವರಿಯ ಮೊದಲರ್ಧ ನನಗೆ ಸರಿಯೆನಿಸುತ್ತದೆ. ಕೊನೆಯ ಮಾತು ಮಾತ್ರ ಆತಿಥೇಯರದೇ.

ಕಾಗದಪತ್ರಗಳ ವಿಷಯದಲ್ಲಿ ಅಸಡ್ಡೆ ಸಲ್ಲದು. ಪಾಸ್‌ಪೋರ್ಟಿಗೆ ಕನಿಷ್ಠ ಆರು ತಿಂಗಳ ಅವಧಿ ಉಳಿದಿರಬೇಕು. 2024ರ ಜನವರಿಯಿಂದ ಕೆನ್ಯಾ ವೀಸಾದ ಬದಲು ಇಟಿಎ ಎಂಬ ವಿದ್ಯುನ್ಮಾನ ಪ್ರಯಾಣ ಅನುಮತಿಯನ್ನು ಜಾರಿಗೆ ತಂದಿದ್ದು, ಅದಕ್ಕೆ ಹೊರಡುವ ಮುನ್ನವೇ ಸರ್ಕಾರದ ಅಧಿಕೃತ ಜಾಲತಾಣದಲ್ಲಿ ಅರ್ಜಿ ಹಾಕಬೇಕು. ಪ್ರಯಾಣದ ಉದ್ದೇಶ ಕೇಳಿದಲ್ಲಿ ಇದ್ದದ್ದನ್ನೇ ಬರೆಯಬೇಕು. ಪ್ರಸಂಗ ಮಾಡಲು ಹೋಗುವವರು ಪ್ರವಾಸವೆಂದು ಬರೆಯುವುದು ಸುಳ್ಳು. ಪ್ರವಾಸಿ ವೀಸಾದಲ್ಲಿ ಬಂದು ಧರ್ಮಬೋಧನೆ ಮಾಡಲು ನಮ್ಮ ದೇಶದಲ್ಲಿಯೂ ಅವಕಾಶವಿಲ್ಲ. ಯಾವ ಸೇವೆಗೆ ಯಾವ ಅನುಮತಿ ಬೇಕೆಂಬುದನ್ನು ಆಹ್ವಾನಿಸಿದ ಸಭೆಯ ಕಚೇರಿಯ ಮೂಲಕ ವಲಸೆ ಇಲಾಖೆಯಲ್ಲಿ ವಿಚಾರಿಸಿ, ಉತ್ತರವನ್ನು ಬರವಣಿಗೆಯಲ್ಲಿ ಪಡೆದುಕೊಳ್ಳಿರಿ.

ಹಳದಿ ಜ್ವರದ ಲಸಿಕೆಯನ್ನು ಪ್ರಯಾಣಕ್ಕೆ ಕನಿಷ್ಠ ಹತ್ತು ದಿನ ಮೊದಲು, ಸರ್ಕಾರ ಮಾನ್ಯ ಮಾಡಿದ ಕೇಂದ್ರದಲ್ಲಿಯೇ ಹಾಕಿಸಿಕೊಳ್ಳಬೇಕು. ಆ ಪ್ರಮಾಣಪತ್ರ 2016ರಿಂದ ಜೀವಮಾನವಿಡೀ ಊರ್ಜಿತ. ಅದಿಲ್ಲದೆ ಕೆನ್ಯಾದಿಂದ ಮರಳಿದವರನ್ನು ನಮ್ಮ ವಿಮಾನ ನಿಲ್ದಾಣದಲ್ಲಿ ಆರು ದಿನಗಳವರೆಗೆ ಪ್ರತ್ಯೇಕವಾಸದಲ್ಲಿ ಇಡಬಹುದು. ಮೊಟ್ಟೆಯ ಅಲರ್ಜಿ ಇರುವವರೂ ಅರವತ್ತು ದಾಟಿದವರೂ ವೈದ್ಯರನ್ನು ಕೇಳದೆ ಈ ಲಸಿಕೆ ತೆಗೆದುಕೊಳ್ಳಬಾರದು. ನೈರೋಬಿ ಎತ್ತರದ ಊರಾದ್ದರಿಂದ ಅಲ್ಲಿ ಮಲೇರಿಯಾ ಕಡಿಮೆ, ಆದರೆ ವಿಕ್ಟೋರಿಯಾ ಸರೋವರದ ಸುತ್ತಲಿನ ಜಿಲ್ಲೆಗಳಲ್ಲಿ ವರ್ಷವಿಡೀ ಇದೆ. ವೈದ್ಯರು ಮುನ್ನೆಚ್ಚರಿಕೆಗಾಗಿ ಡಾಕ್ಸಿಸೈಕ್ಲಿನ್ ಬರೆದುಕೊಟ್ಟರೆ, ಅದನ್ನು ಮರಳಿ ಬಂದ ಮೇಲೂ ನಾಲ್ಕು ವಾರ ನುಂಗಬೇಕು. ಊರು ಸೇರಿದ ಖುಷಿಯಲ್ಲಿ ಬಹಳ ಜನ ಇದನ್ನೇ ಮರೆಯುತ್ತಾರೆ. ಸೊಳ್ಳೆ ಪರದೆಯನ್ನು ನೀವೇ ಒಯ್ಯಿರಿ. ಸಾಮಾನನ್ನು ಪ್ಲಾಸ್ಟಿಕ್ ಕೈಚೀಲಗಳಲ್ಲಿ ತುಂಬಬೇಡಿ: 2017ರ ಆಗಸ್ಟ್‌ನಿಂದ ಅವು ಕೆನ್ಯಾದಲ್ಲಿ ನಿಷಿದ್ಧ, ದಂಡವೂ ಭಾರಿ.

ಇನ್ನು ಹಣ. ಈ ಪ್ರಯಾಣದಲ್ಲಿ ಅತಿ ಹೆಚ್ಚು ಮನಸ್ತಾಪಕ್ಕೆ ಕಾರಣವಾಗುವುದು ಇದೇ ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಕೆನ್ಯಾದಲ್ಲಿ ಭಾರತೀಯರನ್ನು ಮುಹಿಂಡಿ ಎನ್ನುತ್ತಾರೆ. 1896ರಿಂದ 1901ರವರೆಗೆ ಮೊಂಬಾಸಾದಿಂದ ಕಿಸುಮುವಿನವರೆಗೆ ರೈಲುದಾರಿ ಹಾಕಿದವರಲ್ಲಿ ಬಹುಪಾಲು ಕೂಲಿಗಳು ಇಲ್ಲಿಂದ ಹೋದವರೇ, ಆದರೆ ಇಂದು ಹಳ್ಳಿಯವರ ಕಣ್ಣಿಗೆ ಮುಹಿಂಡಿ ಎಂದರೆ ಅಂಗಡಿಯ ಧಣಿ. ಭಾರತೀಯನೊಬ್ಬ ಕ್ರೈಸ್ತನಾಗಿರುವುದೇ ಕೆಲವರಿಗೆ ಅಚ್ಚರಿ, ಅವನಲ್ಲಿ ಹಣವಿಲ್ಲವೆಂದರೆ ನಂಬಿಕೆಯೇ ಬಾರದು. ಆದ್ದರಿಂದ ಮೊದಲ ದಿನದಿಂದಲೇ ತಂಡದ ಒಬ್ಬರು ಮಾತ್ರ ಹಣದ ಹೊಣೆ ಹೊರಬೇಕು. ಉಳಿದವರು ಯಾರಿಗೂ ಗುಟ್ಟಾಗಿ ನೋಟು ಕೊಡಬಾರದು, ಶಾಲೆಯ ಶುಲ್ಕ ಕಟ್ಟುವೆನೆಂದು ಮಾತು ಕೊಡಬಾರದು. ನಮ್ಮ ಊಟ, ನೀರು, ವಾಹನ, ಭಾಷಾಂತರಕಾರರ ದಿನಗೂಲಿ ಇವೆಲ್ಲವನ್ನೂ ಲೆಕ್ಕಹಾಕಿ ಆತಿಥೇಯ ಸಭೆಗೆ ಮುಂಗಡವಾಗಿಯೇ ಮುಟ್ಟಿಸಬೇಕು, ಏಕೆಂದರೆ ಖರ್ಚು ಎಷ್ಟಾಯಿತೆಂದು ಅವರು ಬಾಯಿಬಿಟ್ಟು ಹೇಳುವುದಿಲ್ಲ. ಹಳ್ಳಿಯ ತರಕಾರಿ ಅಂಗಡಿಯಲ್ಲೂ ಎಂಪೆಸಾ ಎಂಬ ಮೊಬೈಲ್ ಹಣ ನಡೆಯುವುದರಿಂದ ಪ್ರತಿ ಪಾವತಿಯ ದಾಖಲೆಯೂ ಉಳಿಯುತ್ತದೆ. ಕಾಣಿಕೆ ಕೊಡುವುದಿದ್ದರೆ ಅದು ಸಭೆಯ ಖಜಾಂಚಿಯ ಕೈಗೆ, ಹಿರಿಯರ ಎದುರಿನಲ್ಲಿ, ರಸೀದಿಯೊಂದಿಗೆ ಹೋಗಲಿ. ಇಲ್ಲಿಂದ ನೋಟುಗಳ ರೂಪದಲ್ಲಿ ಒಬ್ಬರು ಒಯ್ಯಬಹುದಾದ ವಿದೇಶೀ ಹಣಕ್ಕೆ 3,000 ಡಾಲರುಗಳ ಮಿತಿಯಿದೆ. ನಮ್ಮ ಸಭೆ ನೋಂದಾಯಿತ ಟ್ರಸ್ಟ್ ಆಗಿದ್ದರೆ, ಅದರ ಹಣವನ್ನು ಹೊರದೇಶದಲ್ಲಿ ಖರ್ಚು ಮಾಡುವುದು ತೆರಿಗೆ ವಿನಾಯಿತಿಗೆ ಕುತ್ತು ತರಬಹುದಾದ್ದರಿಂದ ಲೆಕ್ಕಪರಿಶೋಧಕರನ್ನು ಮೊದಲೇ ಕೇಳಬೇಕು.

ಬಟ್ಟೆಯ ಮೂಟೆಗಳನ್ನು ಒಯ್ಯಬೇಡಿ. ಹಳೆಯ ಬಟ್ಟೆ ಕೆನ್ಯಾದ ಪ್ರತಿ ಸಂತೆಯಲ್ಲೂ ರಾಶಿ ಬಿದ್ದಿರುತ್ತದೆ, ಮಿಟುಂಬಾ ಎಂಬ ಹೆಸರಿನಲ್ಲಿ ಅದರ ವ್ಯಾಪಾರವೇ ಇದೆ. ನಮ್ಮ ತಂಡ ಮೊದಲ ಸಲ ಎರಡು ಸೂಟ್‌ಕೇಸ್ ತುಂಬ ಬಟ್ಟೆ ಒಯ್ದಿತ್ತು. ಅದನ್ನು ಯಾರಿಗೆ ಹಂಚುವುದೆಂಬ ಜಗಳವನ್ನು ಬಿಡಿಸಲು ಪಾಸ್ಟರಿಗೆ ನಾವು ಹೊರಟ ಮೇಲೂ ಒಂದು ವಾರ ಹಿಡಿಯಿತಂತೆ.

ಪ್ರಸಂಗ ಮಾಡುವವರು ಭಾಷಾಂತರಕ್ಕೆ ಸಿದ್ಧರಾಗಿ ಹೋಗಬೇಕು. ಇಂಗ್ಲಿಷಿನಿಂದ ಸ್ವಾಹಿಲಿಗೆ, ಒಮ್ಮೊಮ್ಮೆ ಅಲ್ಲಿಂದ ಆ ಸೀಮೆಯ ಜನರ ಲುಹ್ಯಾ ಅಥವಾ ಲುವೋ ಭಾಷೆಗೆ ಮಾತು ಸಾಗುತ್ತದೆ. ಇಪ್ಪತ್ತು ನಿಮಿಷದ ಸಂದೇಶಕ್ಕೆ ಮುಕ್ಕಾಲು ಗಂಟೆ ಬೇಕಾಗುತ್ತದೆ. ಒಂದು ವಾಕ್ಯ ಹೇಳಿ ನಿಲ್ಲಬೇಕು, ಆ ವಾಕ್ಯ ಅಲ್ಲಿಗೇ ಪೂರ್ತಿಯಾಗಿರಬೇಕು. ಕನ್ನಡದ ಪ್ರಾಸ, ಶ್ಲೇಷೆ, ನಗೆಚಟಾಕಿಗಳು ಎರಡು ಭಾಷೆ ದಾಟುವಷ್ಟರಲ್ಲಿ ಉಸಿರು ಬಿಟ್ಟಿರುತ್ತವೆ. ಕೃಷಿಯ ಸಾಮ್ಯಗಳು ಮಾತ್ರ ಚೆನ್ನಾಗಿ ದಾಟುತ್ತವೆ, ಯೇಸು ಹೇಳಿದ ಬಿತ್ತುವವನ ಸಾಮ್ಯವನ್ನು ಆ ಜನರಿಗೆ ವಿವರಿಸಬೇಕಾಗಿಲ್ಲ. ಹಿಂದಿನ ರಾತ್ರಿಯೇ ಭಾಷಾಂತರಕಾರರೊಂದಿಗೆ ಕುಳಿತು ಸತ್ಯವೇದದ ವಾಕ್ಯಗಳನ್ನು ಗುರುತು ಹಾಕಿಕೊಟ್ಟರೆ ಅರ್ಧ ಕೆಲಸ ಮುಗಿದಂತೆ. ಬಹಳಷ್ಟು ಸಣ್ಣ ಸಭೆಗಳ ಚಾವಣಿ ತಗಡಿನದು, ಮಧ್ಯಾಹ್ನದ ಮಳೆ ಅದರ ಮೇಲೆ ಬಿದ್ದರೆ ಮುಂದಿನ ಸಾಲಿನವರಿಗೂ ಮಾತು ಕೇಳಿಸದು. ಆಗ ಗಂಟಲು ಹರಿದುಕೊಳ್ಳದೆ ಕುಳಿತುಬಿಡಿ. ಯಾರಾದರೂ ಹಾಡು ಎತ್ತಿಕೊಳ್ಳುತ್ತಾರೆ, ಮಳೆ ನಿಂತ ಮೇಲೆ ಮುಂದುವರಿಸಬಹುದು.

ನಾಲ್ಕಾರು ಸ್ವಾಹಿಲಿ ಮಾತುಗಳನ್ನಾದರೂ ಕಲಿಯಿರಿ. ಸಭೆಯಲ್ಲಿ “ಬ್ವಾನಾ ಅಸಿಫಿವೆ”, ಅಂದರೆ ಕರ್ತನಿಗೆ ಸ್ತೋತ್ರ ಎಂದರೆ, ಇಡೀ ಸಭೆ “ಆಮಿನಾ” ಎನ್ನುತ್ತದೆ. ಹಿರಿಯರಿಗೆ “ಶಿಕಾಮೂ” ಎಂದು ವಂದಿಸಿದರೆ “ಮರಹಬಾ” ಎಂಬ ಉತ್ತರ ಬರುತ್ತದೆ. ಲುಹ್ಯಾ ಮನೆಗಳಲ್ಲಿ “ಮುಲೆಂಬೆ” ಎಂದು ವಂದಿಸಿದರೆ ಮುಖಗಳು ಅರಳುತ್ತವೆ.

ಊಟದ ವಿಷಯದಲ್ಲಿ ಮುದ್ದೆ ಉಣ್ಣುವವರಿಗೆ ಕಷ್ಟವಿಲ್ಲ. ಉಗಾಲಿ ಎಂಬುದು ಮೆಕ್ಕೆಜೋಳದ ಹಿಟ್ಟಿನ ಮುದ್ದೆಯೇ, ಮುರಿದು ಸುಕುಮಾ ವಿಕಿ ಎಂಬ ಸೊಪ್ಪಿನ ಪಲ್ಯದೊಂದಿಗೆ ತಿನ್ನುತ್ತಾರೆ. ಅತಿಥಿ ಬಂದನೆಂದು ಲುಹ್ಯಾ ಮನೆಯವರು ಕೋಳಿ ಕುಯ್ಯುತ್ತಾರೆ. ಮಾಂಸ ತಿನ್ನದವರು ಅದನ್ನು ಪ್ರಯಾಣಕ್ಕೆ ಮುಂಚೆಯೇ ಪತ್ರದಲ್ಲಿ ತಿಳಿಸಬೇಕು, ಬಡಿಸಿದ ಮೇಲೆ ಹೇಳಿದರೆ ಮನೆಯೊಡತಿಯ ಮನಸ್ಸು ನೋಯುತ್ತದೆ.

ಮೂರನೆಯ ದಿನ ಗುದ್ದಲಿ ಕೇಳಿ ಪಡೆಯಿರಿ. ಅದು ಸಭಾಮಂದಿರದ ನೆಲ ಸಾರಿಸುವುದಾಗಿರಬಹುದು, ನೀರು ಹೊರುವುದಾಗಿರಬಹುದು, ಸಂಡೇ ಸ್ಕೂಲಿನ ಶಿಕ್ಷಕಿಯರ ಜೊತೆ ಕುಳಿತು ಪಾಠ ಸಿದ್ಧಪಡಿಸುವುದಾಗಿರಬಹುದು. ಗೋಡೆ ಕಟ್ಟುವ ಕೆಲಸವಿದ್ದರೆ ಊರಿನ ಫುಂಡಿಗೆ, ಅಂದರೆ ಮೇಸ್ತ್ರಿಗೆ, ಕೂಲಿ ಕೊಟ್ಟು ಅವನ ಕೈಕೆಳಗೆ ದುಡಿಯಿರಿ. ಸಾಫ್ಟ್‌ವೇರ್ ಎಂಜಿನಿಯರುಗಳು ಕಟ್ಟಿದ ಗೋಡೆಯನ್ನು ಅವನು ಮುಂದಿನ ತಿಂಗಳು ಕೆಡವಿ ಕಟ್ಟುವಂತಾಗಬಾರದು. ಮಕ್ಕಳೊಂದಿಗೆ ಇರುವಾಗ ಯಾವಾಗಲೂ ಇಬ್ಬರು ದೊಡ್ಡವರಿರಲಿ, ಅವರಲ್ಲಿ ಒಬ್ಬರು ಅಲ್ಲಿನ ಸಭೆಯವರಾಗಿರಲಿ. ಹೆತ್ತವರ ಒಪ್ಪಿಗೆಯಿಲ್ಲದೆ ಮಕ್ಕಳ ಚಿತ್ರ ತೆಗೆಯುವುದು ಬೇಡ.

ರೋಗಿಗಳಿಗಾಗಿ ಪ್ರಾರ್ಥಿಸಿರಿ, ಆದರೆ ಮಾತ್ರೆ ನಿಲ್ಲಿಸಿರೆಂದು ಯಾರಿಗೂ ಹೇಳಬಾರದು. ಎಚ್‌ಐವಿ ಔಷಧಿಯ ಮೇಲೆ ಜೀವ ಹಿಡಿದವರು ಆ ಸಭೆಗಳಲ್ಲಿ ಇದ್ದಾರೆ. 2023ರಲ್ಲಿ ಕಿಲಿಫಿ ಸೀಮೆಯ ಶಾಕಹೊಲಾ ಕಾಡಿನಲ್ಲಿ, ಬೋಧಕನೊಬ್ಬನ ಮಾತು ನಂಬಿ ಉಪವಾಸದಿಂದ ಸತ್ತವರ ನಾನೂರಕ್ಕೂ ಹೆಚ್ಚು ದೇಹಗಳನ್ನು ಅಗೆದು ತೆಗೆದ ಮೇಲೆ, ಹೊರಗಿನಿಂದ ಬರುವ ಬೋಧಕರನ್ನು ಜನರೂ ಸರ್ಕಾರವೂ ಎಚ್ಚರದಿಂದ ನೋಡುವುದು ಸಹಜವೇ. ತಂಡದಲ್ಲಿ ವೈದ್ಯರಿದ್ದರೂ ಅಲ್ಲಿನ ವೈದ್ಯಕೀಯ ಮಂಡಳಿಯ ತಾತ್ಕಾಲಿಕ ಪರವಾನಗಿ ಇಲ್ಲದೆ ಚಿಕಿತ್ಸೆ ನೀಡುವಂತಿಲ್ಲ.

ಮರಳಿದ ಮೇಲೆ ನಮ್ಮ ಸಭೆಯಲ್ಲಿ ಸಾಕ್ಷಿ ಹೇಳುವ ಭಾನುವಾರ ಬರುತ್ತದೆ. ಅಂದು ತೋರಿಸಬೇಕೆಂದಿರುವ ಚಿತ್ರಗಳನ್ನೂ ಹೇಳಬೇಕೆಂದಿರುವ ಸಂಗತಿಗಳನ್ನೂ ಮೊದಲು ಆ ಪಾಸ್ಟರಿಗೆ ಕಳುಹಿಸಿ, ಅವರು ಬೇಡವೆಂದದ್ದನ್ನು ತೆಗೆದುಹಾಕಿರಿ. ಖರ್ಚಿನ ಲೆಕ್ಕವನ್ನು ಎರಡೂ ಸಭೆಗಳಿಗೆ ಒಂದೇ ಪ್ರತಿಯಲ್ಲಿ ಕೊಡಿರಿ. ಮುಂದಿನ ವರ್ಷ ಮತ್ತೆ ಆರು ಟಿಕೆಟ್ ಕೊಳ್ಳುವ ಮೊದಲು, ಅದರಲ್ಲಿ ಎರಡನ್ನು ಆ ಪಾಸ್ಟರಿಗೂ ಅವರ ಪತ್ನಿಗೂ ಕೊಟ್ಟು ನಮ್ಮಲ್ಲಿಗೆ ಕರೆಸಬಹುದೇ ಎಂದು ಸಭೆಯ ಹಿರಿಯರಲ್ಲಿ ಕೇಳಿರಿ. ಅವರಿಗೆ ಸರಿಯಾದ ವೀಸಾ ಸಿಗಲು ತಿಂಗಳುಗಳೇ ಹಿಡಿಯಬಹುದಾದ್ದರಿಂದ ಆ ಪತ್ರವ್ಯವಹಾರವನ್ನು ಬೇಗ ಶುರುಮಾಡಬೇಕು.