ವರ್ಷದ ಮೆಚ್ಚಿನ ಆಲ್ಬಂಗಳ ಪಟ್ಟಿ ಮಾಡುವ ಬಗೆ

ಡಿಸೆಂಬರ್ ತಿಂಗಳು ಬಂತೆಂದರೆ ಸಂಗೀತದ ಹುಚ್ಚಿರುವವರು ಆ ವರ್ಷದ ಮೆಚ್ಚಿನ ಆಲ್ಬಂಗಳ ಪಟ್ಟಿ ಮಾಡಲು ಕೂರುತ್ತಾರೆ. ಕೂತ ಹತ್ತು ನಿಮಿಷಕ್ಕೆ ತೊಡಕು ಗೊತ್ತಾಗುತ್ತದೆ: ಅಕ್ಟೋಬರ್‌ನಿಂದ ಈಚೆಗೆ ಕೇಳಿದ್ದೆಲ್ಲ ನಾಲಿಗೆಯ ತುದಿಯಲ್ಲಿರುತ್ತದೆ, ಫೆಬ್ರವರಿಯಲ್ಲಿ ವಾರಗಟ್ಟಲೆ ಬಿಡದೆ ಕೇಳಿದ ಆಲ್ಬಂನ ಹೆಸರೇ ನೆನಪಿಗೆ ಬರುವುದಿಲ್ಲ. ಈ ಕೆಲಸದ ಮುಕ್ಕಾಲು ಪಾಲು ಜನವರಿಯಿಂದಲೇ ನಡೆಯಬೇಕಾದದ್ದು. ಡಿಸೆಂಬರಿಗೆ ಉಳಿಯುವುದು ಸೋಸುವ ಕೆಲಸ ಮಾತ್ರ. ನಾನು ಹಲವು ವರ್ಷಗಳಿಂದ ಇಂಥ ಪಟ್ಟಿಯನ್ನು ಮಾಡುತ್ತ ಬಂದಿದ್ದು, ತಪ್ಪಿ ತಪ್ಪಿ ಕಲಿತ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಇತ್ಯರ್ಥವಾಗಬೇಕಾದದ್ದು ಪಟ್ಟಿಯ ಹೆಸರು. ‘ವರ್ಷದ ಶ್ರೇಷ್ಠ ಆಲ್ಬಂಗಳು’ ಎಂದು ಬರೆದರೆ ಆ ವರ್ಷ ಹೊರಬಂದದ್ದನ್ನೆಲ್ಲ ಕೇಳಿ ತೂಗಿ ನೋಡಿದ್ದೇನೆ ಎಂದು ಹೇಳಿಕೊಂಡಂತಾಗುತ್ತದೆ, ಅಷ್ಟನ್ನು ಕೇಳಿ ಮುಗಿಸುವುದು ಒಬ್ಬರ ಕೈಲಾಗುವ ಮಾತಲ್ಲ. ‘ಮೆಚ್ಚಿನ ಆಲ್ಬಂಗಳು’ ಎಂದರೆ ಕೇಳಿದ್ದರಲ್ಲಿ ಯಾವುದಕ್ಕೆ ಮತ್ತೆ ಮತ್ತೆ ಮರಳಿ ಹೋದೆ ಎಂಬುದರ ಸಾಕ್ಷ್ಯ. ಅದನ್ನು ಹೇಳಲು ಯಾರ ಅಪ್ಪಣೆಯೂ ಬೇಕಿಲ್ಲ. ಈ ವ್ಯತ್ಯಾಸವನ್ನು ಮರೆತು ಒಮ್ಮೆ ಪೇಚಿಗೆ ಸಿಕ್ಕಿದ್ದೇನೆ. ಎಲ್ಲರೂ ಹಾಡಿ ಹೊಗಳುತ್ತಿದ್ದ ಒಂದು ಆಲ್ಬಂ ಅನ್ನು, ಅದನ್ನು ಬಿಟ್ಟರೆ ತಿಳಿಯದವನೆನಿಸಿಕೊಂಡೇನು ಎಂಬ ಅಳುಕಿನಿಂದ, ಎರಡೇ ಬಾರಿ ಕೇಳಿ ಮೂರನೆಯ ಸ್ಥಾನದಲ್ಲಿ ಕೂರಿಸಿದೆ. ಮರುವರ್ಷ ಗೆಳೆಯರೊಬ್ಬರು ಅದರಲ್ಲಿ ಯಾವ ಹಾಡು ಹಿಡಿಸಿತು ಎಂದು ಕೇಳಿದಾಗ ಒಂದು ಹಾಡಿನ ಎತ್ತುಗಡೆಯೂ ಬಾಯಿಗೆ ಬರಲಿಲ್ಲ. ಮುಂದೆ ಹೇಳುವ ಕ್ರಮದಲ್ಲಿ ಹೆಚ್ಚಿನದು ಆ ಮುಜುಗರದಿಂದ ಹುಟ್ಟಿದ್ದು.

ಎರಡನೆಯದಾಗಿ, ಯಾವುದನ್ನು ಆಲ್ಬಂ ಎಂದು ಲೆಕ್ಕಕ್ಕೆ ಹಿಡಿಯುತ್ತೀರಿ ಎಂಬುದನ್ನು ವರ್ಷದ ಆರಂಭದಲ್ಲೇ ಒಂದೆರಡು ಸಾಲಿನಲ್ಲಿ ಬರೆದಿಟ್ಟುಕೊಳ್ಳಬೇಕು. ನಿಮಿಷಕ್ಕೆ 78 ಸುತ್ತು ತಿರುಗುವ ಗ್ರಾಮಫೋನ್ ತಟ್ಟೆಗಳ ಕಾಲದಲ್ಲಿ ಒಂದು ಮಗ್ಗುಲಿಗೆ ಮೂರರಿಂದ ಐದು ನಿಮಿಷದ ಸಂಗೀತವಷ್ಟೇ ಹಿಡಿಯುತ್ತಿದ್ದುದರಿಂದ, ದೀರ್ಘ ಕೃತಿಯೊಂದರ ಹಲವಾರು ತಟ್ಟೆಗಳನ್ನು ಫೋಟೊ ಆಲ್ಬಂನಂತೆ ಹೊಲಿದ ಲಕೋಟೆಗಳ ಪುಸ್ತಕದಲ್ಲಿಟ್ಟು ಮಾರುತ್ತಿದ್ದರು. ಹೆಸರು ಬಂದದ್ದು ಅಲ್ಲಿಂದ. 1948ರಲ್ಲಿ ಕೊಲಂಬಿಯಾ ಕಂಪನಿ ನಿಮಿಷಕ್ಕೆ 33⅓ ಸುತ್ತಿನ ಎಲ್‌ಪಿ (ಲಾಂಗ್ ಪ್ಲೇ) ತಟ್ಟೆಯನ್ನು ತಂದ ಮೇಲೆ ಮಗ್ಗುಲೊಂದಕ್ಕೆ ಇಪ್ಪತ್ತು ನಿಮಿಷಕ್ಕೂ ಮೀರಿ ಜಾಗ ಸಿಕ್ಕಿತು. ಇವತ್ತಿಗೂ ಎಷ್ಟೋ ಆಲ್ಬಂಗಳು ನಲವತ್ತು ನಿಮಿಷದ ಆಸುಪಾಸಿನಲ್ಲಿ ನಿಲ್ಲುವುದಕ್ಕೆ ಆ ಅಳತೆಯ ರೂಢಿಯೂ ಒಂದು ಕಾರಣ. 1982ರಲ್ಲಿ ಮಾರುಕಟ್ಟೆಗೆ ಬಂದ ಸಿಡಿ 74 ನಿಮಿಷಕ್ಕೆ ಎಡೆಮಾಡಿಕೊಟ್ಟಿತು, ಸ್ಟ್ರೀಮಿಂಗ್‌ನಲ್ಲಂತೂ ಮಿತಿಯೇ ಇಲ್ಲ. ಹೀಗಿರುವಾಗ ಉದ್ದವನ್ನು ನೋಡಿ ಆಲ್ಬಂ ಎನ್ನಲಾಗದು. ಒಂದೇ ಬೈಠಕ್ಕಿನಲ್ಲಿ ಮೊದಲಿನಿಂದ ಕೊನೆಯವರೆಗೆ ಕೇಳಲೆಂದು ಕಲಾವಿದರು ಜೋಡಿಸಿದ್ದು ಆಲ್ಬಂ ಎಂಬುದು ನನ್ನ ನಿಯಮ. ಹಳೆಯದರ ಮರುಬಿಡುಗಡೆ ಮತ್ತು ಸಂಕಲನಗಳಿಗೆ ಬೇರೆ ಪುಟ, ಸಂಗೀತ ಕಛೇರಿಯಲ್ಲಿ ನೇರವಾಗಿ ಮುದ್ರಿಸಿಕೊಂಡದ್ದಕ್ಕೆ ಮುಖ್ಯ ಪಟ್ಟಿಯಲ್ಲೇ ಜಾಗ. ನಿಮ್ಮ ನಿಯಮ ಬೇರೆ ಇರಬಹುದು, ನಡುವೆ ಬದಲಾಗದಿದ್ದರೆ ಸರಿ.

ವರ್ಷದ ಗಡಿಯೂ ಹೀಗೆಯೇ. ಅಮೆರಿಕದ ಗಾಯಕಿ ಬಿಯಾನ್ಸೆ ತನ್ನದೇ ಹೆಸರಿನ ಆಲ್ಬಂ ಅನ್ನು ಯಾವ ಮುನ್ಸೂಚನೆಯೂ ಇಲ್ಲದೆ 2013ರ ಡಿಸೆಂಬರ್ 13ರಂದು ಬಿಡುಗಡೆ ಮಾಡಿದಾಗ, ಆ ವರ್ಷದ ಪಟ್ಟಿಗಳಲ್ಲಿ ಅನೇಕವು ಆಗಲೇ ಅಚ್ಚಾಗಿಹೋಗಿದ್ದವು. ಮರುವರ್ಷ ಡಿಸೆಂಬರ್ 15ಕ್ಕೆ ಗಾಯಕ ಡಿ’ಆಂಜೆಲೊನ ಆಲ್ಬಂ ಬಂದಾಗಲೂ ಅದೇ ಪಾಡು. ಇದಕ್ಕೆ ಎರಡು ದಾರಿಗಳಿವೆ: ಜನವರಿ ಅರ್ಧದವರೆಗೆ ಕಾದು ಪಟ್ಟಿ ಮುಗಿಸುವುದು, ಇಲ್ಲವೇ ಡಿಸೆಂಬರ್ 1ರಿಂದ ನವೆಂಬರ್ 30ರವರೆಗೆ ಎಂದು ವರ್ಷವನ್ನೇ ಹಿಂದಕ್ಕೆ ಸರಿಸುವುದು. ಎರಡನೆಯದರಲ್ಲಿ ಡಿಸೆಂಬರಿನ ಆಲ್ಬಂಗೆ ಪೂರಾ ಹನ್ನೊಂದು ತಿಂಗಳ ಅವಕಾಶ ಸಿಗುವುದರಿಂದ ನಾನು ಅದನ್ನೇ ಹಿಡಿದಿದ್ದೇನೆ.

ಈಗ ಟಿಪ್ಪಣಿ ಪುಸ್ತಕದ ಮಾತು. ನನ್ನ ಅನುಭವದಲ್ಲಿ ಇಡೀ ಕ್ರಮದ ಜೀವ ಇದರಲ್ಲಿದೆ, ಉಳಿದದ್ದನ್ನು ಬಿಟ್ಟರೂ ಇದನ್ನು ಬಿಡಬಾರದು. 2015ರ ಜುಲೈ 10ರಿಂದ ಜಗತ್ತಿನ ಹೆಚ್ಚಿನ ದೇಶಗಳಲ್ಲಿ ಹೊಸ ಆಲ್ಬಂಗಳು ಶುಕ್ರವಾರವೇ ಬಿಡುಗಡೆಯಾಗುವ ಪದ್ಧತಿ ಬಂದಿರುವುದರಿಂದ, ಅಂದು ಒಟ್ಟಿಗೆ ಬಂದು ಬೀಳುವ ರಾಶಿಯಿಂದ ಮೂರೋ ನಾಲ್ಕೋ ಹೆಸರುಗಳನ್ನು ಆರಿಸಿ ಬರೆದುಕೊಂಡು ವಾರವಿಡೀ ಅವನ್ನಷ್ಟೇ ಕೇಳುವುದು ಅನುಕೂಲ. ಪ್ರತಿ ಸಲ ಕೇಳಿದಾಗಲೂ ತಾರೀಖು, ಎಷ್ಟನೆಯ ಸಲ, ಯಾವುದರಲ್ಲಿ ಕೇಳಿದ್ದು, ಇಷ್ಟರ ಜೊತೆಗೆ ಕಿವಿಗೆ ಬಿದ್ದ ಒಂದು ನಿರ್ದಿಷ್ಟ ಸಂಗತಿಯನ್ನು ಬರೆಯಬೇಕು. ನನ್ನ ಪುಸ್ತಕದ ಒಂದು ನಮೂದು ಹೀಗಿದೆ: “ಮಾರ್ಚ್ 9, ಎರಡನೇ ಸಲ, ಹೆಡ್‌ಫೋನ್‌ನಲ್ಲಿ. ನಾಲ್ಕನೇ ಹಾಡಿನ ನಡುವೆ ಡ್ರಮ್ಸ್ ತಟಕ್ಕನೆ ನಿಲ್ಲುತ್ತದೆ, ಹಾಡುವವಳು ಉಸಿರೆಳೆದುಕೊಳ್ಳುವುದು ಕೇಳಿಸುತ್ತದೆ, ಆಮೇಲೆ ಬರೀ ಬೇಸ್ ಗಿಟಾರ್. ಏಳರಿಂದ ಒಂಬತ್ತರವರೆಗೆ ಎಳೆದಾಟ.” ಒಂಬತ್ತು ತಿಂಗಳ ಮೇಲೆ ಇದನ್ನು ಓದಿದಾಗ ಆ ಉಸಿರು ಕಿವಿಯಲ್ಲಿ ಹಾಗೆಯೇ ಎದ್ದು ಬಂತು. ಅದರ ಎದುರು ಪುಟದಲ್ಲಿ ಮತ್ತೊಂದು ಆಲ್ಬಂನ ಹೆಸರಿನ ಮುಂದೆ “ಅದ್ಭುತ!!” ಎಂದಷ್ಟೇ ಇದೆ. ಏನು ಅದ್ಭುತವೋ, ಬರೆದ ನನಗೇ ಇಂದು ತಿಳಿಯದು. ವಿಶೇಷಣಗಳನ್ನು ಬರೆಯಬೇಡಿ ಎಂದು ಹೇಳುವುದು ಈ ಕಾರಣಕ್ಕೆ.

ಕೇಳುವ ವಿಧಾನದಲ್ಲೂ ಕೆಲವು ಎಚ್ಚರಿಕೆಗಳಿವೆ. ಆಲ್ಬಂ ಅನ್ನು ಕಲಾವಿದರಿಟ್ಟ ಅನುಕ್ರಮದಲ್ಲೇ ಕೇಳಬೇಕು. 2021ರ ನವೆಂಬರ್‌ನಲ್ಲಿ ಗಾಯಕಿ ಅಡೆಲ್ ಕೇಳಿಕೊಂಡ ಮೇಲೆ ಸ್ಟ್ರೀಮಿಂಗ್ ಆ್ಯಪ್ ಸ್ಪಾಟಿಫೈ, ಹಾಡುಗಳನ್ನು ಕಲಸಿ ನುಡಿಸುವ ಷಫಲ್ ಅನ್ನು ಆಲ್ಬಂ ಪುಟದ ಮುಖ್ಯ ಗುಂಡಿಯಿಂದ ತೆಗೆಯಿತಾದರೂ, ಹಿಂದೆಂದೋ ಒತ್ತಿದ ಷಫಲ್ ಹಾಗೆಯೇ ಉಳಿದಿದ್ದರೆ ಅನುಕ್ರಮ ಕಲಸಿಹೋಗುತ್ತದೆ, ಆದ್ದರಿಂದ ಒಮ್ಮೆ ನೋಡಿಕೊಳ್ಳುವುದು ಮೇಲು. ಕ್ರಾಸ್‌ಫೇಡ್ ಎಂಬ ಆಯ್ಕೆಯನ್ನೂ ಆಫ್ ಮಾಡಿಬಿಡಿ. ಒಂದು ಹಾಡು ಮುಗಿಯುವ ಮೊದಲೇ ಮುಂದಿನದನ್ನು ಮೇಲೆ ತರುವ ಈ ಸೌಲಭ್ಯ, ಎರಡು ಹಾಡುಗಳ ನಡುವೆ ಬೇಕೆಂದೇ ಇಟ್ಟ ಮೌನವನ್ನು ನುಂಗಿಹಾಕುತ್ತದೆ. ಎಲ್‌ಪಿಗಾಗಿ ರೂಪಿಸಿದ ಆಲ್ಬಂ ಆದರೆ ಮಗ್ಗುಲು ಎಲ್ಲಿ ಬದಲಾಗುತ್ತದೆ ಎಂಬುದನ್ನು ತಿಳಿದು ಕೇಳಿದರೆ ಇನ್ನೂ ಚೆನ್ನ. ತಟ್ಟೆಯ ಒಳ ಸುತ್ತುಗಳಲ್ಲಿ ಧ್ವನಿಯ ಸ್ಪಷ್ಟತೆ ಕುಗ್ಗುವುದರಿಂದ ಮೆಲುದನಿಯ ಹಾಡನ್ನು ಮಗ್ಗುಲಿನ ಕೊನೆಗಿಡುವ ವಾಡಿಕೆ ಇತ್ತು, ಹೀಗಾಗಿ ನಡುವೆ ಇದ್ದಕ್ಕಿದ್ದಂತೆ ತಣ್ಣಗಾದಂತೆ ತೋರುವ ಆಲ್ಬಂ ನಿಜದಲ್ಲಿ ಒಂದು ಅಂಕವನ್ನು ಮುಗಿಸುತ್ತಿರಬಹುದು.

ಧ್ವನಿಯ ಮಟ್ಟ ಬಹಳ ಮೋಸ ಮಾಡುತ್ತದೆ. ಒಂದೇ ಹಾಡನ್ನು ಸ್ವಲ್ಪ ದೊಡ್ಡದಾಗಿ ನುಡಿಸಿದರೂ ಕಿವಿ ಅದನ್ನು ಹೆಚ್ಚು ಚೆನ್ನಾಗಿದೆ ಎಂದು ತೀರ್ಮಾನಿಸುತ್ತದೆ. ಬಿಡುಗಡೆಗೆ ಮೊದಲು ಧ್ವನಿಯನ್ನು ಕೊನೆಯದಾಗಿ ಹದಗೊಳಿಸುವ ಮಾಸ್ಟರಿಂಗ್‌ನಲ್ಲಿ ಎಲ್ಲರೂ ಪೈಪೋಟಿಗೆ ಬಿದ್ದು ಧ್ವನಿಯನ್ನು ಏರಿಸುತ್ತ ಹೋದದ್ದು ಇದನ್ನು ಅರಿತೇ. ಎರಡು ಆಲ್ಬಂಗಳನ್ನು ಹೋಲಿಸುವಾಗ ಸ್ಟ್ರೀಮಿಂಗ್ ಆ್ಯಪ್‌ಗಳಲ್ಲಿರುವ ಧ್ವನಿಮಟ್ಟ ಸಮ ಮಾಡುವ ಆಯ್ಕೆಯನ್ನು ಚಾಲೂ ಮಾಡಿಟ್ಟುಕೊಳ್ಳಿ, ಅದಿಲ್ಲದಿದ್ದರೆ ಕೈಯಿಂದಲೇ ಸರಿಹೊಂದಿಸಿ. ಇನ್ನೊಂದು ಮೋಸ ಬಳಕೆಯದು. ಪರಿಚಯ ಹೆಚ್ಚಿದಂತೆ ಒಲವೂ ಹೆಚ್ಚುತ್ತದೆ ಎಂಬುದನ್ನು ಮನೋವಿಜ್ಞಾನಿ ರಾಬರ್ಟ್ ಝಾಯೊಂಟ್ಸ್ 1968ರಷ್ಟು ಹಿಂದೆಯೇ ಪ್ರಯೋಗಗಳಿಂದ ತೋರಿಸಿದ್ದಾರೆ. ಇಪ್ಪತ್ತು ಸಲ ಕೇಳಿದ್ದನ್ನು ಒಂದೇ ಸಲ ಕೇಳಿದ್ದರ ಎದುರು ನಿಲ್ಲಿಸಿದರೆ ತೀರ್ಪು ಮೊದಲೇ ಬರೆದಂತೆ. ಯಾವ ಆಲ್ಬಂ ಅನ್ನೇ ಆಗಲಿ ಬೇರೆ ಬೇರೆ ದಿನಗಳಲ್ಲಿ ಕನಿಷ್ಠ ಮೂರು ಸಲ, ಅದರಲ್ಲಿ ಒಂದು ಸಲವಾದರೂ ಬೇರೇನೂ ಕೆಲಸ ಇಟ್ಟುಕೊಳ್ಳದೆ, ಕೇಳಿದ ಹೊರತು ಪಟ್ಟಿಯಿಂದ ಹೊರಗಿಡುವುದಾಗಲೀ ಒಳಸೇರಿಸುವುದಾಗಲೀ ಕೂಡದು.

ಆ್ಯಪ್‌ಗಳು ವರ್ಷಾಂತ್ಯದಲ್ಲಿ ಬಣ್ಣಬಣ್ಣವಾಗಿ ಕೊಡುವ ಲೆಕ್ಕವನ್ನೇ ಪಟ್ಟಿಯೆಂದು ಒಪ್ಪಿಕೊಂಡರೆ ಇಷ್ಟೆಲ್ಲ ತಾಪತ್ರಯ ಯಾಕೆ ಎಂದು ಕೇಳುವವರಿದ್ದಾರೆ. ಸ್ಪಾಟಿಫೈನಲ್ಲಿ ಹಾಡೊಂದು 30 ಸೆಕೆಂಡು ನುಡಿದರೆ ಒಂದು ಕೇಳುವಿಕೆಯೆಂದು ಎಣಿಕೆಯಾಗುತ್ತದೆ. ಕೇಳಿದ ಹಾಡುಗಳ ದಾಖಲೆ ಇಡುವ ತಾಣ ಲಾಸ್ಟ್.ಎಫ್‌ಎಂ, ಹಾಡಿನ ಅರ್ಧವಾದರೂ ಆಗಬೇಕು, ಇಲ್ಲವೇ ನಾಲ್ಕು ನಿಮಿಷವಾದರೂ ಕಳೆಯಬೇಕು ಎನ್ನುತ್ತದೆ. ಎರಡರಲ್ಲೂ ಎರಡೆರಡು ನಿಮಿಷದ ಇಪ್ಪತ್ತು ಹಾಡುಗಳಿರುವ ಆಲ್ಬಂ ನಲವತ್ತು ನಿಮಿಷದಲ್ಲಿ ಇಪ್ಪತ್ತು ಎಣಿಕೆ ಗಳಿಸಿದರೆ, ಹತ್ತು ಹತ್ತು ನಿಮಿಷದ ನಾಲ್ಕು ರಚನೆಗಳಿರುವುದು ಅಷ್ಟೇ ಹೊತ್ತಿನಲ್ಲಿ ನಾಲ್ಕನ್ನಷ್ಟೇ ಗಳಿಸುತ್ತದೆ. ನಿದ್ದೆ ಹೋದಾಗ ರಾತ್ರಿಯಿಡೀ ನುಡಿಯುತ್ತಿದ್ದ ಪಿಯಾನೋ ನಿಮ್ಮ ಮೊದಲ ಸ್ಥಾನಕ್ಕೆ ಬಂದು ಕೂತರೂ ಆಶ್ಚರ್ಯವಿಲ್ಲ. ಡಿಸೆಂಬರ್ ಮೊದಲಲ್ಲೇ ಕೈಸೇರುವ ಲೆಕ್ಕದಲ್ಲಿ ಡಿಸೆಂಬರ್ ಇರುವ ಪ್ರಶ್ನೆಯೂ ಇಲ್ಲ. ಪುಸ್ತಕದಲ್ಲಿ ಬರೆಯಲು ಮರೆತ ಹೆಸರುಗಳನ್ನು ಹುಡುಕಿಕೊಳ್ಳಲು ಅದನ್ನು ಬಳಸಿ, ಅಷ್ಟು ಸಾಕು.

ಸೋಸುವ ಕೆಲಸಕ್ಕೆ ಎರಡು ವಾರ ಇಟ್ಟುಕೊಳ್ಳಿ. ಪುಸ್ತಕವನ್ನು ಮೊದಲಿಂದ ಓದುತ್ತ, ಹೆಸರು ಕಂಡೊಡನೆ ಯಾವುದಾದರೂ ಒಂದು ಹಾಡು ತಾನಾಗಿ ಮನಸ್ಸಿನಲ್ಲಿ ನುಡಿಯಿತೇ ಎಂದು ಗಮನಿಸಿ. ನುಡಿದವುಗಳಿಗೆ ಗುರುತು ಹಾಕಿ. ಸಾಮಾನ್ಯವಾಗಿ ಮೂವತ್ತರಷ್ಟು ಉಳಿಯುತ್ತವೆ. ಅವನ್ನು ಮತ್ತೊಮ್ಮೆ ಪೂರ್ತಿ ಕೇಳುವಾಗ, ಒಂದೇ ಒಂದು ಒಳ್ಳೆಯ ಹಾಡಿನ ಬಲದ ಮೇಲೆ ನಿಂತಿರುವುದು ಯಾವುದು, ಆ ಹಾಡನ್ನು ತೆಗೆದರೂ ನಿಲ್ಲುವುದು ಯಾವುದು ಎಂಬುದು ಬೇಗನೆ ಬೇರೆಯಾಗುತ್ತದೆ. ಮೊದಲನೆಯ ಬಗೆಯವಕ್ಕೆ ಹಾಡುಗಳ ಪಟ್ಟಿ ಬೇರೆ ಮಾಡಿಕೊಳ್ಳಿ.

ಉಳಿದವುಗಳಿಂದ ಆರಿಸಿದ ಹತ್ತಕ್ಕೆ ಸ್ಥಾನ ಕೊಡುವಾಗ ಎಲ್ಲವನ್ನೂ ಒಟ್ಟಿಗೆ ಕಣ್ಣ ಮುಂದಿಟ್ಟುಕೊಂಡರೆ ತಲೆ ಕೆಡುತ್ತದೆ. ಎರಡೆರಡನ್ನು ಜೋಡಿ ಮಾಡಿ, ಈ ಕ್ಷಣ ಯಾವುದನ್ನು ಹಾಕುವೆ ಎಂದು ಕೇಳಿಕೊಳ್ಳಿ. ಹತ್ತಕ್ಕೆ ಒಟ್ಟು 45 ಜೋಡಿಗಳಾಗುತ್ತವೆ, ಒಂದು ಸಂಜೆಯ ಕೆಲಸ. ಕೆಲವೊಮ್ಮೆ ಮೊದಲನೆಯದು ಎರಡನೆಯದಕ್ಕಿಂತ, ಎರಡನೆಯದು ಮೂರನೆಯದಕ್ಕಿಂತ, ಮೂರನೆಯದು ಮತ್ತೆ ಮೊದಲನೆಯದಕ್ಕಿಂತ ಹಿಡಿಸಿ ಚಕ್ರ ಸುತ್ತುತ್ತದೆ. ಅಂಥ ಮೂರಕ್ಕೂ ಒಂದೇ ಸ್ಥಾನ ಕೊಟ್ಟರೆ ಆಕಾಶ ಕಳಚಿ ಬೀಳುವುದಿಲ್ಲ. ನನಗೆ ಇದಕ್ಕಿಂತ ಇಷ್ಟವಾದದ್ದು ಅಮೆರಿಕದ ವಿಲೇಜ್ ವಾಯ್ಸ್ ಪತ್ರಿಕೆ ವಿಮರ್ಶಕರಿಂದ ನಡೆಸುತ್ತಿದ್ದ ಪ್ಯಾಜ್ ಅಂಡ್ ಜಾಪ್ ಮತದಾನದ ಕ್ರಮ: ಹತ್ತು ಆಲ್ಬಂಗಳಿಗೆ ಒಟ್ಟು 100 ಅಂಕ ಹಂಚಬೇಕು, ಯಾವುದಕ್ಕೂ 30ಕ್ಕಿಂತ ಹೆಚ್ಚಿಲ್ಲ, 5ಕ್ಕಿಂತ ಕಡಿಮೆಯಿಲ್ಲ. ಒಂದು, ಎರಡು ಎಂಬ ಎಣಿಕೆಯಲ್ಲಿ ಮುಚ್ಚಿಹೋಗುವ ಅಂತರ ಇದರಲ್ಲಿ ಎದ್ದು ಕಾಣುತ್ತದೆ. ಒಂದು ವರ್ಷ ನಾನು ಮೊದಲನೆಯದಕ್ಕೆ 27 ಕೊಟ್ಟು, ಆರರಿಂದ ಹತ್ತರವರೆಗಿನ ಎಲ್ಲಕ್ಕೂ 5 ಕೊಡಬೇಕಾಗಿ ಬಂದಾಗ, ಆ ವರ್ಷ ನಿಜಕ್ಕೂ ಮನಸ್ಸಿಗೆ ಹತ್ತಿದ್ದು ಎಷ್ಟು ಎಂಬುದು ಅರಿವಾಯಿತು.

ಕೊನೆಗೆ ಪ್ರತಿ ಆಲ್ಬಂಗೂ ಮೂರು ನಾಲ್ಕು ವಾಕ್ಯಗಳನ್ನು ಬರೆಯಿರಿ. ಹಾಡುವವರ ಜೊತೆಗೆ ನುಡಿಸಿದವರ, ಧ್ವನಿಮುದ್ರಣ ಮಾಡಿದವರ ಹೆಸರೂ ಇರಲಿ. ಓದುವವರು ಹುಡುಕಿ ಕೇಳಬಹುದಾದಂಥ ಒಂದು ಜಾಗವನ್ನು, ಎಷ್ಟನೆಯ ಹಾಡು, ಎಷ್ಟನೆಯ ನಿಮಿಷ ಎಂದು ಗುರುತಿಸಿ ಕೊಡಿ. ಟಿಪ್ಪಣಿ ಪುಸ್ತಕ ಮತ್ತೆ ಕೈಹಿಡಿಯುವುದು ಇಲ್ಲಿಯೇ. ಅಂಥ ಒಂದು ಜಾಗವೂ ಹೊಳೆಯದಿದ್ದರೆ ಆ ಆಲ್ಬಂ ಪಟ್ಟಿಯಲ್ಲಿರುವುದು ಬೇರೆ ಯಾರದೋ ಮಾತಿನ ಮೇಲೆ ಎಂದು ತಿಳಿದು ಹನ್ನೊಂದನೆಯದನ್ನು ಮೇಲಕ್ಕೆ ತನ್ನಿ. ಮುಗಿದ ಪಟ್ಟಿಗೆ ತಾರೀಖು ಹಾಕಿ, ಆಮೇಲೆ ಅಭಿಪ್ರಾಯ ಬದಲಾದರೆ ಮೂಲವನ್ನು ಅಳಿಸದೆ ಪಕ್ಕದಲ್ಲಿ ಬೇರೆ ಶಾಯಿಯಲ್ಲಿ ಬರೆಯಿರಿ. ನನ್ನ ಹಳೆಯ ಪಟ್ಟಿಯಲ್ಲಿ ಆ ಮೂರನೆಯ ಸ್ಥಾನದ ಆಲ್ಬಂ ಇನ್ನೂ ಅಲ್ಲಿಯೇ ಇದೆ. ಅದರ ಮುಂದೆ ಕೆಂಪು ಶಾಯಿಯಲ್ಲಿ “ಮೂರನೇ ಸಲ ಕೇಳಿದೆ, ಐದನೇ ಹಾಡು ಪರವಾಗಿಲ್ಲ” ಎಂದು ಸೇರಿಸಿದ್ದೇನೆ.