ಓದಿದವರದೇ ಓಟು: ಹೊಸ ಲೇಖಕರಿಗೊಂದು ಬೀದಿ ಬಹುಮಾನ

ನಾನು ಬೆಂಗಳೂರಿನ ಸಿಟಿ ಬಸ್ಸಿಗೆ ಬಿಟಿಎಸ್ ಅನ್ನುತ್ತಿದ್ದ ಕಾಲದಲ್ಲಿ ಕೆಲಸಕ್ಕೆ ಸೇರಿದ ಕಂಡಕ್ಟರ್. ಈಗ ನಿವೃತ್ತ. ಹನುಮಂತನಗರದ ನಮ್ಮ ಮನೆ ಮಹಡಿಯಲ್ಲಿ 40 ಜನ ಓದುಗರು ಸೇರುತ್ತೇವೆ. ವರ್ಷಕ್ಕೊಮ್ಮೆ ಓಟು ಹಾಕಿ, ಯಾರದಾದರೂ ಮೊದಲ ಪುಸ್ತಕಕ್ಕೆ ಬಹುಮಾನ ಕೊಡುತ್ತೇವೆ. ತೀರ್ಪುಗಾರರು ಅಂತ ಯಾರೂ ಇಲ್ಲ. ನಿಮ್ಮ ಬೀದಿಯಲ್ಲೂ ಇದನ್ನು ಮಾಡಬಹುದು.

ಮೊದಲು ನಮ್ಮಿಂದಾದ ತಪ್ಪು ಹೇಳಿಬಿಡುತ್ತೇನೆ. ಮೊದಲ ವರ್ಷ ವಾಟ್ಸ್‌ಆ್ಯಪ್‌ನಲ್ಲಿ ಓಟಿನ ಲಿಂಕ್ ಕಳಿಸಿದೆವು. ಒಂದೇ ರಾತ್ರಿಯಲ್ಲಿ ಒಂದು ಪುಸ್ತಕಕ್ಕೆ 140 ಓಟು ಬಿತ್ತು. ಬರೆದವಳ ಆಫೀಸಿನವರು, ನೆಂಟರು, ಕಾಲೇಜಿನ ಗೆಳೆಯರು ಎಲ್ಲ ಪ್ರೀತಿಯಿಂದ ಒತ್ತಿದ್ದರು. ಆ ಹುಡುಗಿಯೇ ನನಗೆ ಫೋನ್ ಮಾಡಿ, ‘ಸಾರ್, ಇವರಲ್ಲಿ ಓದಿದವರು ಎಷ್ಟು ಜನ?’ ಅಂತ ಕೇಳಿದಳು. ಅವಳ ದನಿಯಲ್ಲಿ ಖುಷಿ ಇರಲಿಲ್ಲ. ಆವತ್ತಿನಿಂದ ನಮ್ಮಲ್ಲಿ ಓದದವರಿಗೆ ಓಟಿಲ್ಲ.

ಐದು ಪುಸ್ತಕ ಆರಿಸಿಕೊಳ್ಳಿ. ಅದಕ್ಕಿಂತ ಜಾಸ್ತಿ ಬೇಡ. ಐದೂ ಮೊದಲ ಪುಸ್ತಕಗಳೇ ಆಗಿರಲಿ. ಜನರ ಓಟಿನಲ್ಲಿ ಗೊತ್ತಿರುವ ಹೆಸರೇ ಮುಂದೆ ಹೋಗುತ್ತದೆ, ಅಲ್ವಾ? ಬ್ರಿಟನ್ನಿನಲ್ಲಿ ಓದುಗರೇ ಓಟು ಹಾಕುವ ‘ದಿ ಪೀಪಲ್ಸ್ ಬುಕ್ ಪ್ರೈಜ್’ ಅಂತ ಒಂದಿದೆ. ಅದರಲ್ಲೂ ಮೊದಲ ಸಲ ಬರೆದವರಿಗೆ ಕಾದಂಬರಿಕಾರ್ತಿ ಬೆರಿಲ್ ಬೇನ್‌ಬ್ರಿಜ್ ಹೆಸರಿನ ಪ್ರಶಸ್ತಿ ಬೇರೆಯೇ ಇದೆ. ವಯಸ್ಸಿನ ಮಿತಿ ಹಾಕಬೇಡಿ. ಸಾಹಿತ್ಯ ಅಕಾಡೆಮಿಯ ಯುವ ಪುರಸ್ಕಾರ 35 ವರ್ಷದೊಳಗಿನವರಿಗೆ. ಅದು ಇರಲಿ, ಬೇಕು. ಆದರೆ ಮಕ್ಕಳ ಮದುವೆ ಮುಗಿಸಿ 58ಕ್ಕೆ ಮೊದಲ ಕಥೆ ಬರೆದ ಅಮ್ಮನೂ ಹೊಸ ಲೇಖಕಿಯೇ.

ಪುಸ್ತಕ ಹುಡುಕಲು ಗಾಂಧಿ ಬಜಾರಿನ ‘ಅಂಕಿತ ಪುಸ್ತಕ’ ಮಳಿಗೆಗೆ ಹೋಗಿ ಕೇಳಿ. ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಚೊಚ್ಚಲ ಕೃತಿಗೆ ಸಹಾಯಧನ ಕೊಡುತ್ತದೆ. ಆ ಪುಸ್ತಕಗಳನ್ನು ಗಮನಿಸಿ. ‘ಛಂದ ಪುಸ್ತಕ’ ಪ್ರಕಾಶನದವರು ಇನ್ನೂ ಸಂಕಲನ ತರದ ಕಥೆಗಾರರಿಗಾಗಿ ಹಸ್ತಪ್ರತಿ ಸ್ಪರ್ಧೆ ನಡೆಸಿಕೊಂಡು ಬಂದಿದ್ದಾರೆ. ಅಲ್ಲಿಂದಲೂ ಒಳ್ಳೆಯ ಹೆಸರು ಸಿಗುತ್ತವೆ.

ಲೇಖಕರ ಹತ್ತಿರ ಪುಕ್ಕಟೆ ಪ್ರತಿ ಕೇಳಲೇಬೇಡಿ. ನಾವು ಒಬ್ಬೊಬ್ಬರು 250 ರೂಪಾಯಿ ಹಾಕುತ್ತೇವೆ. 10,000 ಆಗುತ್ತದೆ. ಒಂದೊಂದು ಪುಸ್ತಕದ ನಾಲ್ಕು ಪ್ರತಿಯಂತೆ 20 ಪ್ರತಿಗೆ ಸುಮಾರು 4,000. ಬಹುಮಾನಕ್ಕೆ 5,000. ಉಳಿದದ್ದು ಚೀಟಿಗೆ, ಕಾಫಿಗೆ.

ಇನ್ನು ಪುಸ್ತಕ ಸುತ್ತಿಸುವುದು. ಒಬ್ಬರಿಗೆ 15 ದಿನ. 20 ಪ್ರತಿ, 40 ಜನ, ಹತ್ತು ಸುತ್ತು. ಹೆಚ್ಚುಕಮ್ಮಿ ಐದು ತಿಂಗಳಲ್ಲಿ ಎಲ್ಲರಿಗೂ ಐದೂ ಪುಸ್ತಕ ಕೈಗೆ ಬರುತ್ತವೆ. ಪ್ರತಿ ಪುಸ್ತಕದ ಕೊನೆಯ ರಟ್ಟಿಗೆ ಒಂದು ಕಾರ್ಡ್ ಅಂಟಿಸಿ. ಓದಿದವರು ಹೆಸರು ಬರೆದು, ತಮ್ಮನ್ನು ತಡೆದು ನಿಲ್ಲಿಸಿದ ಒಂದು ಪುಟದ ನಂಬರ್ ಬರೆಯಲಿ. ಅಷ್ಟು ಸಾಕು. ಪ್ರಶ್ನೆ ಕೇಳಿ ಪರೀಕ್ಷೆ ಮಾಡಬೇಡಿ, ಜನ ಬರುವುದನ್ನೇ ಬಿಡುತ್ತಾರೆ. ಮೂರು ಪುಸ್ತಕದ ಕಾರ್ಡಿನಲ್ಲಿ ಹೆಸರಿದ್ದರೆ ಓಟು ಉಂಟು.

ಎಣಿಕೆಯಲ್ಲಿ ನಾವು ತುಂಬ ಕಲಿತೆವು. ಎರಡನೇ ವರ್ಷ ಪದವೀಧರ ಕ್ಷೇತ್ರದ ಚುನಾವಣೆಯ ಹಾಗೆ 1, 2, 3 ಅಂತ ಪ್ರಾಶಸ್ತ್ಯದ ಓಟು ಹಾಕಿಸಿದೆವು. ಎಲ್ಲರೂ ಐದೂ ಪುಸ್ತಕ ಓದಿದ್ದರೆ ಅದು ಸರಿಯೇ. ಆದರೆ ಯಾರೋ ಮೂರು ಓದಿರುತ್ತಾರೆ, ಯಾರೋ ನಾಲ್ಕು. ದಪ್ಪ ಕಾದಂಬರಿಯನ್ನು ಕಡಿಮೆ ಜನ ಮುಗಿಸಿರುತ್ತಾರೆ. ಅದು ಚೆನ್ನಾಗಿದ್ದರೂ ಸೋಲುತ್ತದೆ.

ಈಗ ಚೀಟಿಯಲ್ಲಿ ಐದು ಹೆಸರಿರುತ್ತದೆ. ಓದಿದ ಪುಸ್ತಕದ ಮುಂದೆ ಮಾತ್ರ ಒಂದೇ ಪ್ರಶ್ನೆಗೆ ಹೌದು ಅಥವಾ ಇಲ್ಲ: ‘ಇದನ್ನು ನಿಮ್ಮ ದುಡ್ಡಿನಲ್ಲಿ ಕೊಂಡು ಇನ್ನೊಬ್ಬರಿಗೆ ಕೊಡುತ್ತೀರಾ?’ ಓದಿದವರಲ್ಲಿ ಎಷ್ಟು ಪಾಲು ಹೌದು ಅಂದರು ಎಂದು ಲೆಕ್ಕ ಹಾಕುತ್ತೇವೆ. 35 ಜನ ಓದಿ 22 ಹೌದು ಬಂದರೆ ನೂರಕ್ಕೆ 63. ಇನ್ನೊಂದನ್ನು 20 ಜನವೇ ಓದಿದ್ದರೂ 17 ಹೌದು ಬಂದರೆ ನೂರಕ್ಕೆ 85. ಗೆದ್ದದ್ದು ಎರಡನೆಯದು. ಆದರೆ ಇಬ್ಬರು ಓದಿ ಇಬ್ಬರೂ ಹೌದು ಅಂದದ್ದು ಗೆಲ್ಲಬಾರದು. ಅದಕ್ಕೆ ಕನಿಷ್ಠ 15 ಓದುಗರು ಅಂತ ಇಟ್ಟಿದ್ದೇವೆ.

ಚೀಟಿಗಳನ್ನು ಟಿಕೆಟ್ ಬಂಡಲ್ ಹಾಗೆ ನೋಡಿಕೊಳ್ಳಿ. ವೇ ಬಿಲ್ಲಿನಲ್ಲಿ, ಅಂದರೆ ಕಂಡಕ್ಟರ್ ಟಿಕೆಟ್ ಲೆಕ್ಕ ಬರೆಯುವ ಹಾಳೆಯಲ್ಲಿ, ಶುರುವಿನ ನಂಬರ್, ಕೊನೆಯ ನಂಬರ್ ಬರೆಯುತ್ತಿದ್ದೆವು. ನಡುವಿನ ವ್ಯತ್ಯಾಸಕ್ಕೂ ಬ್ಯಾಗಿನ ದುಡ್ಡಿಗೂ ತಾಳೆಯಾಗಬೇಕಿತ್ತು. ಇಲ್ಲೂ ಹಾಗೆಯೇ. ಕೊಟ್ಟ ಚೀಟಿ, ಉಳಿದ ಚೀಟಿ, ಡಬ್ಬಕ್ಕೆ ಬಿದ್ದ ಚೀಟಿ ತಾಳೆಯಾಗಲಿ. ನಂಬರ್ ಮಾತ್ರ ಅರ್ಧ ಚೀಟಿಯಲ್ಲಿರಲಿ. ಡಬ್ಬಕ್ಕೆ ಹಾಕುವ ಮುಂಚೆ ಅದನ್ನು ಹರಿದುಕೊಳ್ಳಿ. ಯಾರು ಯಾರಿಗೆ ಹಾಕಿದರು ಅಂತ ಗೊತ್ತಾಗಬಾರದು. ಎಣಿಕೆ ಎಲ್ಲರ ಮುಂದೆ, ಗಟ್ಟಿಯಾಗಿ ಓದುತ್ತಾ ನಡೆಯಲಿ.

ಫಲಿತಾಂಶ ಬಂದ ಸಂಜೆಯೇ ಐದೂ ಜನಕ್ಕೆ ಫೋನ್ ಮಾಡಿ. ಸೋತವರಿಗೆ ಮೊದಲು. ಅವರನ್ನು ವೇದಿಕೆಯಲ್ಲಿ ಕೂರಿಸಿ ಕಾಯಿಸುವುದು ನನಗೆ ಸರಿ ಕಾಣುವುದಿಲ್ಲ. ಎಷ್ಟು ಜನ ಓದಿದರು, ಯಾವ ಪುಟದಲ್ಲಿ ನಿಂತರು ಅಂತ ಹೇಳಿ. ಆಮೇಲೆ ಕಾರ್ಡುಗಳನ್ನು ಬಿಡಿಸಿ ಅವರಿಗೇ ಕೊಟ್ಟುಬಿಡಿ. ಒಬ್ಬ ಕವಿಗೆ ಬಹುಮಾನ ಬರಲಿಲ್ಲ. ಆದರೆ 11 ಜನ ಒಂದೇ ಪುಟದ ನಂಬರ್ ಬರೆದಿದ್ದರು. ‘ಆ ಪದ್ಯವನ್ನು ತೆಗೆದುಹಾಕಬೇಕು ಅಂತಿದ್ದೆ’ ಅಂದ, ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ.

ಜುಲೈ ಮೊದಲ ವಾರ ಶುರು ಮಾಡಿ. ನವೆಂಬರ್ ಕೊನೆಗೆ ಎಣಿಕೆ ಮುಗಿಯುತ್ತದೆ. ಸಮಾರಂಭ ಮಾತ್ರ ಡಿಸೆಂಬರ್‌ನಲ್ಲಿ ಇಟ್ಟುಕೊಳ್ಳಿ. ರಾಜ್ಯೋತ್ಸವದ ತಿಂಗಳಲ್ಲಿ ಶಾಮಿಯಾನದವರೂ ಸಿಗುವುದಿಲ್ಲ, ಮೈಕಿನವರೂ ಸಿಗುವುದಿಲ್ಲ.