ಡೂಮ್ ಎಂಜಿನ್ ಅನ್ನು ರಸ್ಟ್‌ನಲ್ಲಿ ಮತ್ತೆ ಕಟ್ಟಿದ್ದು: ಮೊದಲು ಲೆಕ್ಕ, ಆಮೇಲೆ ಚಿತ್ರ

ಹಳೆಯ ಆಟದ ಎಂಜಿನ್ (ಆಟವನ್ನು ನಡೆಸುವ ಕೋಡ್) ಅನ್ನು ಹೊಸದಾಗಿ ಬರೆಯಲು ಕೂತವರಲ್ಲಿ ಹೆಚ್ಚಿನವರು ಮೊದಲು ಪರದೆಯ ಮೇಲೆ ಗೋಡೆ ಮೂಡಿಸಲು ಹೊರಡುತ್ತಾರೆ. ಡೂಮ್ ಎಂಬ ಗುಂಡು ಹಾರಿಸುವ ಆಟದ ಎಂಜಿನ್ ಅನ್ನು ರಸ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆಯುವಾಗ ನಾನು ಈ ಕ್ರಮವನ್ನು ಹಿಂದುಮುಂದು ಮಾಡಿದೆ. ಪರದೆಯೇ ಇಲ್ಲದೆ, ಆಟದ ಫೈಲ್‌ನೊಳಗೇ ಇರುವ ಮೂರು ಡೆಮೊಗಳನ್ನು (ಆಟಗಾರ ಒತ್ತಿದ ಗುಂಡಿಗಳ ದಾಖಲೆಗಳನ್ನು) ಆರಂಭದಿಂದ ಕೊನೆಯವರೆಗೆ ತಪ್ಪಿಲ್ಲದೆ ಓಡಿಸುವುದು ಮೊದಲ ಗುರಿ. ಚಿತ್ರ ತಪ್ಪಾದರೆ ಕಣ್ಣಿಗೆ ಕಾಣುತ್ತದೆ, ತಿದ್ದಬಹುದು. ಲೆಕ್ಕ ಒಂದು ಬಿಟ್ ತಪ್ಪಿದರೂ ಆಟ ಚೆನ್ನಾಗಿಯೇ ಓಡುತ್ತಿರುತ್ತದೆ, ಆದರೆ ಅದು ಡೂಮ್ ಆಗಿರುವುದಿಲ್ಲ.

ಡೂಮ್ ಬಂದದ್ದು 1993ರ ಡಿಸೆಂಬರ್‌ನಲ್ಲಿ. ಐಡಿ ಸಾಫ್ಟ್‌ವೇರ್ ಅದರ ಸೋರ್ಸ್ ಕೋಡ್ ಅನ್ನು 1997ರ ಕೊನೆಯಲ್ಲಿ ಬಿಡುಗಡೆ ಮಾಡಿತು, 1999ರಲ್ಲಿ ಅದು ಜಿಪಿಎಲ್ ಎಂಬ ಮುಕ್ತ ಪರವಾನಗಿಗೆ ಬಂತು. ಇದು ದೊಡ್ಡ ಅನುಕೂಲ. ರೋಲರ್‌ಕೋಸ್ಟರ್ ಟೈಕೂನ್ 2 ಆಟವನ್ನು ಓಪನ್‌ಆರ್‌ಸಿಟಿ2 ಹೆಸರಲ್ಲಿ ಮತ್ತೆ ಕಟ್ಟಿದವರ ಮುಂದೆ ಸೋರ್ಸ್ ಇರಲಿಲ್ಲ. ಅವರು ಅಸೆಂಬ್ಲಿಯನ್ನೇ ಬಿಡಿಸಿ ಓದಬೇಕಾಯಿತು. ಆದರೆ ಜಿಪಿಎಲ್ ಕೋಡ್ ನೋಡಿಕೊಂಡು ರಸ್ಟ್‌ಗೆ ತಂದರೆ ನಿಮ್ಮ ಕೋಡ್ ಕೂಡ ಜಿಪಿಎಲ್ ಅಡಿಯಲ್ಲೇ ಹೋಗಬೇಕು. ಆಟದ ಚಿತ್ರ, ಸದ್ದು, ಹಂತಗಳು ಈ ಪರವಾನಗಿಯೊಳಗೆ ಬರುವುದಿಲ್ಲ. ಎಂಜಿನ್ ಜೊತೆ ಹಂಚಲು ಫ್ರೀಡೂಮ್ ಎಂಬ ಮುಕ್ತ ಚಿತ್ರ-ಸದ್ದು-ಹಂತಗಳ ಸಂಗ್ರಹ ಇದೆ. ಪರೀಕ್ಷೆಗೆ ಮಾತ್ರ 1.9 ಆವೃತ್ತಿಯ ಶೇರ್‌ವೇರ್ (ಉಚಿತವಾಗಿ ಹಂಚಿದ) ವ್ಯಾಡ್ ಫೈಲ್, ಅಂದರೆ ಆಟದ ದತ್ತಾಂಶದ ಫೈಲ್, ಬೇಕು. ಅದರ ಗಾತ್ರ 41,96,020 ಬೈಟ್.

ವ್ಯಾಡ್ ಓದುವುದು ಸುಲಭದ ಭಾಗ. ಮೊದಲ 12 ಬೈಟ್ ಹೆಡರ್: 4 ಅಕ್ಷರದ ಗುರುತು, ಲಂಪ್‌ಗಳ (ಫೈಲ್‌ನೊಳಗಿನ ದತ್ತಾಂಶದ ತುಂಡುಗಳ) ಸಂಖ್ಯೆ, ಅವುಗಳ ಪಟ್ಟಿಯಾದ ಡೈರೆಕ್ಟರಿ ಎಲ್ಲಿದೆ ಎಂಬುದು. ಡೈರೆಕ್ಟರಿಯ ಪ್ರತಿ ನಮೂದು 16 ಬೈಟ್: ಸ್ಥಾನ 4, ಗಾತ್ರ 4, ಹೆಸರು 8. ಹೆಸರು ಪೂರ್ತಿ 8 ಅಕ್ಷರ ಇದ್ದರೆ ಕೊನೆಗೆ ಸೊನ್ನೆ ಇರುವುದಿಲ್ಲ, ಆದ್ದರಿಂದ ಸೊನ್ನೆ ಸಿಗುವವರೆಗೆ ಓದುತ್ತೇನೆ ಎಂದು ಹೊರಟರೆ ಮುಂದಿನ ನಮೂದಿನೊಳಗೆ ನುಗ್ಗುತ್ತೀರಿ. ಹಂತದ ಲಂಪ್‌ಗಳಲ್ಲಿ ಥಿಂಗ್ಸ್ (ವಸ್ತುಗಳು) ಒಂದೊಂದೂ 10 ಬೈಟ್, ಲೈನ್‌ಡೆಫ್ (ನಕ್ಷೆಯ ಗೆರೆ) 14, ಸೈಡ್‌ಡೆಫ್ (ಗೆರೆಯ ಒಂದು ಬದಿ) 30, ಸೆಕ್ಟರ್ (ನೆಲದ ಒಂದು ವಿಭಾಗ) 26, ಸೆಗ್ (ಗೆರೆಯ ತುಂಡು) 12, ನೋಡ್ (ಹಂತವನ್ನು ಎರಡಾಗಿ ಸೀಳುವ ನಮೂದು) 28. ಸಿ ಭಾಷೆಯಲ್ಲಿ ಲಂಪ್‌ನ ಮೇಲೆ ನೇರವಾಗಿ ಸ್ಟ್ರಕ್ಟ್ ಪಾಯಿಂಟರ್ ಇಡುತ್ತಾರೆ. ರಸ್ಟ್‌ನಲ್ಲಿ ಅನ್‌ಸೇಫ್ (ಕೆಲವು ತಪಾಸಣೆ ಬಿಟ್ಟ ಕೋಡ್) ಬಳಸಿ ಅದನ್ನೇ ಮಾಡಬೇಡಿ: ಲಂಪ್ ಯಾವ ಬೈಟ್‌ನಲ್ಲಾದರೂ ಶುರುವಾಗಬಹುದು, ಅಲೈನ್‌ಮೆಂಟ್ ಹೊಂದದ ರೆಫರೆನ್ಸ್ ಅಲ್ಲಿ ನಿಯಮಬಾಹಿರ. ಲಂಪ್ ಅನ್ನು ಸರಿಯಾದ ಅಳತೆಯ ತುಂಡುಗಳಾಗಿ ಕತ್ತರಿಸಿ, ಎರಡೆರಡು ಬೈಟನ್ನು ಲಿಟಲ್ ಎಂಡಿಯನ್ (ಕೆಳಗಿನ ಬೈಟ್ ಮೊದಲು) ಎಂದು ಓದಿ. ಒಂದು ಹಂತ ಲೋಡ್ ಆಗಲು ತಗಲುವ ಸಮಯದಲ್ಲಿ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ಸೈಡ್‌ಡೆಫ್ ಸಂಖ್ಯೆ 65535 ಬಂದರೆ ಆ ಬದಿ ಇಲ್ಲ ಎಂದರ್ಥ. ಲೋಡ್ ಮಾಡುವಾಗಲೇ ಅದನ್ನು ಆಪ್ಶನ್ (ಇದೆ ಅಥವಾ ಇಲ್ಲ ಎಂದು ಹೇಳುವ ಟೈಪ್) ಆಗಿ ಬದಲಿಸಿಬಿಟ್ಟರೆ ಮುಂದಿನ ಕೋಡೆಲ್ಲ ಹಗುರಾಗುತ್ತದೆ.

ಕೋಡನ್ನು ನಾಲ್ಕು ಕ್ರೇಟ್‌ಗಳಾಗಿ (ರಸ್ಟ್‌ನ ಪ್ಯಾಕೇಜ್‌ಗಳಾಗಿ) ಒಡೆದೆ: ವ್ಯಾಡ್, ಸಿಮ್, ರೆಂಡರ್, ಆ್ಯಪ್. ಆಟದ ಲೆಕ್ಕವಿರುವ ಸಿಮ್ ಕ್ರೇಟ್‌ನಲ್ಲಿ ಮೂರು ಕಟ್ಟುನಿಟ್ಟು. ಫ್ಲೋಟ್, ಅಂದರೆ ದಶಮಾಂಶ ಸಂಖ್ಯೆ, ಬಳಸುವಂತಿಲ್ಲ (ರಸ್ಟ್‌ನ ಕೋಡ್ ಪರಿಶೀಲಕ ಕ್ಲಿಪ್ಪಿಯಲ್ಲಿ ಫ್ಲೋಟ್ ಅಂಕಗಣಿತವನ್ನು ತಡೆಯುವ ಲಿಂಟ್ ಇದೆ, ಹಾಕಿಡಿ). ಗಡಿಯಾರ ನೋಡುವಂತಿಲ್ಲ. ಹ್ಯಾಶ್‌ಮ್ಯಾಪ್ (ಕೀಲಿ-ಮೌಲ್ಯಗಳ ಸಂಗ್ರಹ) ಮೇಲೆ ಲೂಪ್ ಓಡಿಸುವಂತಿಲ್ಲ, ಏಕೆಂದರೆ ರಸ್ಟ್‌ನ ಹ್ಯಾಶ್‌ಮ್ಯಾಪ್ ಪ್ರತಿ ಓಟದಲ್ಲೂ ಬೇರೆ ಕ್ರಮ ಕೊಡುತ್ತದೆ.

ಡೂಮ್‌ನ ಲೆಕ್ಕವೆಲ್ಲ 16.16 ಫಿಕ್ಸೆಡ್ ಪಾಯಿಂಟ್ (ಪೂರ್ಣ ಭಾಗಕ್ಕೆ 16 ಬಿಟ್, ಭಿನ್ನ ಭಾಗಕ್ಕೆ 16); 1 ಎಂದರೆ 65536. ಗುಣಾಕಾರಕ್ಕೆ ಎರಡನ್ನೂ ಐ64 (64 ಬಿಟ್ ಪೂರ್ಣಾಂಕ) ಮಾಡಿ ಗುಣಿಸಿ, 16 ಬಿಟ್ ಬಲಕ್ಕೆ ಸರಿಸಿ, ಐ32ಗೆ ಇಳಿಸಿ. ಈ ಬಲ ಸರಿಸುವಿಕೆಯ ಜಾಗದಲ್ಲಿ 65536ರಿಂದ ಭಾಗಿಸಿದರೆ ಋಣ ಸಂಖ್ಯೆಗಳಲ್ಲಿ ಉತ್ತರ ತಪ್ಪುತ್ತದೆ: ಸರಿಸುವಿಕೆ ಕೆಳಕ್ಕೆ ಇಳಿಸುತ್ತದೆ, ಭಾಗಾಕಾರ ಸೊನ್ನೆಯ ಕಡೆಗೆ ಕತ್ತರಿಸುತ್ತದೆ. ಕೋನವು 32 ಬಿಟ್‌ನ ಪೂರ್ಣ ಸುತ್ತು. 90 ಡಿಗ್ರಿ ಎಂದರೆ 2ರ 30ನೇ ಘಾತ. ಇಲ್ಲಿ ಓವರ್‌ಫ್ಲೋ ಆಗುವುದೇ (ಮಿತಿ ಮೀರಿ ಸುತ್ತಿಬರುವುದೇ) ಸರಿ. ರಸ್ಟ್‌ನ ಸಾಮಾನ್ಯ ಕೂಡುವಿಕೆ ಡೀಬಗ್ ಬಿಲ್ಡ್‌ನಲ್ಲಿ ಪ್ಯಾನಿಕ್ ಆಗುತ್ತದೆ (ಪ್ರೋಗ್ರಾಂ ನಿಲ್ಲುತ್ತದೆ), ರಿಲೀಸ್‌ನಲ್ಲಿ ಸದ್ದಿಲ್ಲದೆ ಸುತ್ತುತ್ತದೆ. ಕೋನಕ್ಕೂ ಫಿಕ್ಸೆಡ್‌ಗೂ ಬೇರೆ ಬೇರೆ ಟೈಪ್ ಮಾಡಿ, ಅವುಗಳ ಕೂಡು-ಕಳೆಯನ್ನು ವ್ರ್ಯಾಪಿಂಗ್ (ಸುತ್ತಿಬರುವ) ರೂಪದಲ್ಲೇ ಬರೆದಿಟ್ಟೆ. ಉಳಿದ ಕಡೆ ರಿಲೀಸ್‌ನಲ್ಲೂ ಓವರ್‌ಫ್ಲೋ ತಪಾಸಣೆ ಆನ್ ಇಟ್ಟೆ. ಎಲ್ಲಿ ಸುತ್ತಬೇಕು, ಎಲ್ಲಿ ಸುತ್ತಬಾರದು ಎಂಬುದು ಹೀಗೆ ಕೋಡ್‌ನಲ್ಲೇ ಬರೆದಿರುತ್ತದೆ. ಸಿ ಭಾಷೆಯ ಮೂಲದಲ್ಲಿ ಇದು ಓದುವವರ ಊಹೆಗೆ ಬಿಟ್ಟದ್ದು, ರಸ್ಟ್ ಆರಿಸಿದ್ದಕ್ಕೆ ನನಗೆ ಸಿಕ್ಕ ಅತಿ ದೊಡ್ಡ ಲಾಭ ಇದೇ. ಭಾಗಾಕಾರದ ಮೊದಲು ಮೂಲ ಕೋಡ್ ಎರಡೂ ಸಂಖ್ಯೆಗಳ ನಿರಪೇಕ್ಷ ಮೌಲ್ಯ ನೋಡುತ್ತದೆ. ಅಲ್ಲಿ ವ್ರ್ಯಾಪಿಂಗ್ ಎಬಿಎಸ್ ಬಳಸಿ. ಸಾಮಾನ್ಯ ಎಬಿಎಸ್ ಅತಿ ಚಿಕ್ಕ ಐ32 ಸಂಖ್ಯೆಗೆ ಪ್ಯಾನಿಕ್ ಆಗುತ್ತದೆ.

ಯಾದೃಚ್ಛಿಕ ಸಂಖ್ಯೆಗಳಿಗೆ ಡೂಮ್ ಬಳಸುವುದು 256 ಸಂಖ್ಯೆಗಳ ಒಂದು ಪಟ್ಟಿ. ಸೂಚಿಯನ್ನು ಮೊದಲು ಒಂದು ಮುಂದೂಡಿ ಆಮೇಲೆ ಓದುತ್ತದೆ, ಆದ್ದರಿಂದ ಹೊಸ ಆಟದಲ್ಲಿ ಮೊದಲು ಸಿಗುವುದು 8, 109, 220. ಆಟದ ಸೂಚಿ ಬೇರೆ, ಮೆನು ಮುಂತಾದವುಗಳ ಸೂಚಿ ಬೇರೆ. ಎರಡನ್ನೂ ಬೆರೆಸಿದರೆ ಡೆಮೊ ಕೆಟ್ಟಿತು. ಮೂಲ ಕೋಡ್‌ನಲ್ಲಿ ಒಂದು ಯಾದೃಚ್ಛಿಕ ಸಂಖ್ಯೆಯಿಂದ ಇನ್ನೊಂದನ್ನು ಒಂದೇ ಸಾಲಿನಲ್ಲಿ ಕಳೆಯುವ ಜಾಗಗಳು ಬಹಳ. ಯಾವುದು ಮೊದಲು ಲೆಕ್ಕವಾಗಬೇಕು ಎಂದು ಸಿ ಭಾಷೆ ಹೇಳುವುದಿಲ್ಲ, ಕಂಪೈಲರ್ ಬದಲಾದರೆ ಉತ್ತರವೂ ಬದಲಾಗಬಹುದು. ಮೂಲದಂತೆಯೇ ನಡೆಯುವ ಚಾಕೊಲೇಟ್ ಡೂಮ್ ಎಂಬ ಎಂಜಿನ್ ಇದಕ್ಕಾಗಿಯೇ ಪ್ರತ್ಯೇಕ ಫಂಕ್ಷನ್ ಇಟ್ಟುಕೊಂಡಿದೆ. ರಸ್ಟ್ ಎಡದಿಂದ ಬಲಕ್ಕೆ ಎಂದು ಖಾತರಿ ಕೊಡುತ್ತದೆ, ಇಲ್ಲಿ ಬೇಕಾದದ್ದೂ ಅದೇ.

ನಿಜವಾದ ಕಷ್ಟ ಪಾಯಿಂಟರ್‌ಗಳದು. ಒಂದು ರಾಕ್ಷಸನ ಸ್ಟ್ರಕ್ಟ್ ಏಕಕಾಲಕ್ಕೆ ಥಿಂಕರ್ (ಪ್ರತಿ ಹೆಜ್ಜೆಗೂ ಓಡುವ ವಸ್ತುಗಳ) ಪಟ್ಟಿಯಲ್ಲಿ, ಸೆಕ್ಟರ್ ಪಟ್ಟಿಯಲ್ಲಿ, ಬ್ಲಾಕ್‌ಮ್ಯಾಪ್ (ಡಿಕ್ಕಿ ನೋಡಲು ಹಂತವನ್ನು ಚೌಕಗಳಾಗಿ ಹಂಚಿದ) ಪಟ್ಟಿಯಲ್ಲಿ ಇರುತ್ತದೆ. ಮೇಲಾಗಿ ತನ್ನ ಗುರಿಯ ಕಡೆಗೂ ಪಾಯಿಂಟರ್ ಹಿಡಿದಿರುತ್ತದೆ. ರಸ್ಟ್‌ನ ಆರ್‌ಸಿ ಮತ್ತು ರೆಫ್‌ಸೆಲ್ (ಒಂದೇ ವಸ್ತುವನ್ನು ಹಲವು ಕಡೆಯಿಂದ ಬಳಸುವ ಸಾಧನಗಳು) ಹಾಕಿ ಇದನ್ನು ಬರೆಯಬಹುದು ಅನ್ನಿಸುತ್ತದೆ. ಬೇಡ. ಚಲನೆಯ ಫಂಕ್ಷನ್ ಡಿಕ್ಕಿಯನ್ನು ಕರೆಯುತ್ತದೆ, ಡಿಕ್ಕಿ ಏಟನ್ನು, ಏಟು ಸ್ಥಿತಿ ಬದಲಾವಣೆಯನ್ನು, ಅದು ಮತ್ತೊಂದು ಕ್ರಿಯೆಯನ್ನು. ಈ ಸರಣಿಯ ನಡುವೆ ಆಗಲೇ ಬಾರೋ ಆಗಿರುವ (ಬಳಕೆಗೆ ಎರವಲು ಪಡೆದ) ವಸ್ತು ಮತ್ತೆ ಕೈಗೆ ಬಂದು ಆಟ ಓಡುತ್ತಿರುವಾಗಲೇ ಪ್ಯಾನಿಕ್ ಆಗುತ್ತದೆ. ಎಲ್ಲ ವಸ್ತುಗಳನ್ನೂ ಒಂದು ಅರೀನಾದಲ್ಲಿಟ್ಟು (ಎಲ್ಲಕ್ಕೂ ಒಂದೇ ಸಾಲಿನ ಜಾಗ), ಇಂಡೆಕ್ಸ್ ಜೊತೆಗೆ ಜನರೇಷನ್ ಸಂಖ್ಯೆ (ಆ ಜಾಗ ಎಷ್ಟನೇ ಬಾರಿ ಬಳಕೆಯಾಗಿದೆ ಎಂಬುದು) ಸೇರಿಸಿ ಗುರುತಾಗಿ ಬಳಸಿದೆ. ಪ್ರತಿ ಫಂಕ್ಷನ್‌ಗೂ ಇಡೀ ವರ್ಲ್ಡ್ ಮತ್ತು ಒಂದು ಗುರುತು, ಅಷ್ಟೇ. ಬೇಕಾದ ಫೀಲ್ಡ್‌ಗಳನ್ನು ನಕಲು ತೆಗೆದುಕೊಂಡು ಬಾರೋವನ್ನು ತಕ್ಷಣ ಬಿಟ್ಟುಬಿಡಿ.

ಅರೀನಾದಲ್ಲಿ ಒಂದು ಬಲೆಯಿದೆ: ಖಾಲಿಯಾದ ಜಾಗ ಮರುಬಳಕೆಯಾಗುತ್ತದೆ, ಹಾಗಾಗಿ ಅರೀನಾದ ಕ್ರಮದಲ್ಲೇ ಥಿಂಕರ್‌ಗಳನ್ನು ಓಡಿಸಿದರೆ ಹೊಸ ವಸ್ತು ಹಳೆಯದಕ್ಕಿಂತ ಮೊದಲು ಓಡಿಬಿಡುತ್ತದೆ. ಓಟದ ಕ್ರಮಕ್ಕೆ ಪ್ರತ್ಯೇಕ ಪಟ್ಟಿ ಇಡಿ. ಬಾಗಿಲು, ಲಿಫ್ಟ್, ಮಿನುಗುವ ದೀಪ, ರಾಕ್ಷಸ, ಗುಂಡು ಎಲ್ಲವೂ ಹುಟ್ಟಿದ ಕ್ರಮದಲ್ಲಿ ಅದೇ ಒಂದು ಪಟ್ಟಿಯಲ್ಲಿರಬೇಕು. ಒಂದು ಟಿಕ್ (ಆಟದ ಒಂದು ಹೆಜ್ಜೆ) ನಡುವೆ ಹುಟ್ಟಿದ ಥಿಂಕರ್ ಪಟ್ಟಿಯ ಕೊನೆಗೆ ಸೇರಿ ಅದೇ ಟಿಕ್‌ನಲ್ಲೇ ಓಡುತ್ತದೆ. ಮೊದಲೇ ಪಟ್ಟಿಯ ನಕಲು ತೆಗೆದು ಲೂಪ್ ಮಾಡಿದರೆ ಅದು ತಪ್ಪಿಹೋಗುತ್ತದೆ. ಬ್ಲಾಕ್‌ಮ್ಯಾಪ್ ಮತ್ತು ಸೆಕ್ಟರ್ ಪಟ್ಟಿಗಳದು ಇದಕ್ಕೆ ಉಲ್ಟಾ: ಹೊಸದು ತಲೆಯಲ್ಲಿ ಸೇರುತ್ತದೆ. ವೆಕ್‌ಗೆ (ರಸ್ಟ್‌ನ ಬೆಳೆಯುವ ಪಟ್ಟಿ) ಪುಶ್ ಮಾಡಿ, ಅಂದರೆ ಕೊನೆಗೆ ಸೇರಿಸಿ, ಮೊದಲಿನಿಂದ ಓದಿದರೆ ಕ್ರಮ ತಿರುಗಿ, ಗುಂಪಿನಲ್ಲಿ ಏಟು ಬೇರೆಯವರಿಗೆ ಬೀಳುತ್ತದೆ. ಬ್ಲಾಕ್‌ಮ್ಯಾಪ್ ಲಂಪ್‌ನಲ್ಲಿ ಪ್ರತಿ ಪಟ್ಟಿಯೂ 0 ಯಿಂದ ಶುರುವಾಗಿ 65535ರಲ್ಲಿ ಮುಗಿಯುತ್ತದೆ. ಆ ಸೊನ್ನೆ ಬರೀ ಗುರುತು ಎಂದು ಹಾರಿಸಬೇಡಿ. ಮೂಲ ಎಂಜಿನ್ ಅದನ್ನು ಲೈನ್‌ಡೆಫ್ 0 ಎಂದೇ ಓದಿ ಪರೀಕ್ಷಿಸುತ್ತದೆ.

ಈಗ ಡೆಮೊ. ಹೆಡರ್ 13 ಬೈಟ್, ಮೊದಲ ಬೈಟ್ 109 ಎಂದರೆ 1.9 ಆವೃತ್ತಿ. ಆಮೇಲೆ ಪ್ರತಿ ಟಿಕ್‌ಗೆ ಪ್ರತಿ ಆಟಗಾರನಿಗೆ 4 ಬೈಟ್: ಮುಂದೆ-ಹಿಂದೆ, ಪಕ್ಕಕ್ಕೆ, ತಿರುವು, ಗುಂಡಿಗಳು. ಮೊದಲೆರಡು ಋಣವೂ ಆಗಬಹುದು, ಐ8 ಎಂದು ಓದಿ. 128 ಬಂದರೆ ಮುಗಿಯಿತು. ಹೋಲಿಕೆಗೆ ಚಾಕೊಲೇಟ್ ಡೂಮ್‌ನ ಸೋರ್ಸ್ ತಂದು, ಟಿಕ್ ಮುಗಿಯುವ ಜಾಗದಲ್ಲಿ ಒಂದು ಸಾಲು ಮುದ್ರಿಸುವ ಕೋಡ್ ಸೇರಿಸಿದೆ: ಟಿಕ್ ಸಂಖ್ಯೆ, ಆಟಗಾರನ ಎಕ್ಸ್, ವೈ, ಕೋನ, ಯಾದೃಚ್ಛಿಕ ಸೂಚಿ. ನನ್ನ ಎಂಜಿನ್‌ನಿಂದಲೂ ಅದೇ ರೂಪದ ಸಾಲುಗಳು. ಎರಡು ಫೈಲ್‌ಗೂ ಡಿಫ್ (ಫೈಲ್ ಹೋಲಿಸುವ ಸಾಧನ) ಹಾಕಿ, ಮೊದಲು ಬೇರೆಯಾದ ಸಾಲು ಮಾತ್ರ ನೋಡಿ. ಅದರ ಮುಂದಿನದೆಲ್ಲ ಆ ಒಂದು ತಪ್ಪಿನ ಪರಿಣಾಮ.

ಆ ಸಾಲಿನಲ್ಲಿ ಏನು ಕೆಟ್ಟಿದೆ ಎಂಬುದೇ ಜಾಗ ತೋರಿಸುತ್ತದೆ. ಹಂತ ಲೋಡ್ ಆದ ಕೂಡಲೇ, ಮೊದಲ ಟಿಕ್‌ಗೂ ಮುಂಚೆ ಸೂಚಿ ಬೇರೆಯಾಗಿದ್ದರೆ ವಸ್ತುಗಳನ್ನು ಹುಟ್ಟಿಸುವಲ್ಲಿ ತಪ್ಪಿದೆ: ಹುಟ್ಟುವ ಪ್ರತಿ ವಸ್ತುವೂ ಒಂದು ಸಂಖ್ಯೆ ಬಳಸುತ್ತದೆ, ಮೊದಲ ಸ್ಥಿತಿಗೆ ಅವಧಿ ಇದ್ದರೆ ಇನ್ನೊಂದು. ಕಷ್ಟದ ಮಟ್ಟದ ಫ್ಲ್ಯಾಗ್ ತಪ್ಪಾಗಿ ಓದಿದ್ದರೆ ಇಲ್ಲೇ ಸಿಕ್ಕಿಬೀಳುತ್ತದೆ. ಸೂಚಿ ಸರಿಯಿದ್ದು ಎಕ್ಸ್, ವೈ ಸ್ವಲ್ಪವೇ ಬೇರೆಯಾದರೆ ಘರ್ಷಣೆ ಅಥವಾ ಗೋಡೆಗೆ ಉಜ್ಜಿಕೊಂಡು ಜಾರುವ ಕೋಡ್; ಹೆಚ್ಚಾಗಿ ಸರಿಸುವಿಕೆ-ಭಾಗಾಕಾರ ಅದಲುಬದಲಾಗಿರುತ್ತದೆ. ಆಟಗಾರ ಸರಿಯಿದ್ದು ಸೂಚಿ ಮಾತ್ರ ತಪ್ಪಿದರೆ ಯಾವುದೋ ರಾಕ್ಷಸನ ತೀರ್ಮಾನ ಬೇರೆಯಾಗಿದೆ. ಆಗ ಸಂಖ್ಯೆ ಕೇಳಿದ ಫಂಕ್ಷನ್‌ನ ಹೆಸರನ್ನೂ ಎರಡೂ ಕಡೆ ಮುದ್ರಿಸಿ. ಮೂಲದ 967 ಸ್ಥಿತಿಗಳ ಪಟ್ಟಿಯನ್ನು ಕೈಯಲ್ಲಿ ಟೈಪ್ ಮಾಡದೆ ಸ್ಕ್ರಿಪ್ಟ್‌ನಿಂದ ರಸ್ಟ್‌ಗೆ ಬದಲಿಸಿಕೊಳ್ಳಿ, ಇಂಥ ಹುಡುಕಾಟ ಅರ್ಧ ತಪ್ಪುತ್ತದೆ.

ಚಿತ್ರದ ಕೆಲಸ ಇದರ ಮುಂದೆ ನಿರಾಳ. 320×200 ಚಿತ್ರವನ್ನು 4:3 ಪರದೆಗೆ ಹಿಗ್ಗಿಸಬೇಕು, ಅಂದರೆ ಪಿಕ್ಸೆಲ್ ಎತ್ತರ ಅಗಲದ 1.2 ಪಟ್ಟು, ಇದನ್ನು ಬಿಟ್ಟರೆ ಎಲ್ಲರೂ ಕುಳ್ಳಗೆ ಕಾಣುತ್ತಾರೆ. ಮೂಲದಲ್ಲಿ ವಿಸ್‌ಪ್ಲೇನ್‌ಗೆ (ಕಾಣುವ ನೆಲ-ಚಾವಣಿಯ ತುಂಡುಗಳಿಗೆ) 128ರ ಮಿತಿ ಇತ್ತು, ವೆಕ್ ಹಾಕಿದರೆ ಅದು ತಾನಾಗಿ ಹೋಗುತ್ತದೆ.

ವೇಗ ಸೆಕೆಂಡಿಗೆ 35 ಟಿಕ್. ಒಂದು ಟಿಕ್‌ಗೆ 28 ಮಿಲಿಸೆಕೆಂಡ್ ಎಂದು ದುಂಡಾಗಿಸಿದರೆ ಆಟ ತುಸು ವೇಗವಾಗಿ ಓಡುತ್ತದೆ. ಶುರುವಿನಿಂದ ಕಳೆದ ನ್ಯಾನೊಸೆಕೆಂಡುಗಳನ್ನು 35ರಿಂದ ಗುಣಿಸಿ 100 ಕೋಟಿಯಿಂದ ಭಾಗಿಸಿ ಟಿಕ್ ಸಂಖ್ಯೆ ತೆಗೆಯಿರಿ. 60 ಹರ್ಟ್ಸ್ ಪರದೆಯಲ್ಲಿ ನುಣುಪಾಗಿ ಕಾಣಲು ಹಿಂದಿನ ಮತ್ತು ಈಗಿನ ಸ್ಥಾನದ ನಡುವೆ ಅಂದಾಜು ಬೇಕು. ಅದನ್ನು ರೆಂಡರ್ ಕ್ರೇಟ್‌ನಲ್ಲಷ್ಟೇ ಮಾಡಿ, ಅಲ್ಲಿ ಫ್ಲೋಟ್‌ಗೂ ಅಡ್ಡಿಯಿಲ್ಲ. ಕೋನಕ್ಕೆ ಮಾತ್ರ ಹೊಸದರಿಂದ ಹಳೆಯದನ್ನು ವ್ರ್ಯಾಪಿಂಗ್ ರೂಪದಲ್ಲಿ ಕಳೆದು, ಬಂದ ಯು32 ಅನ್ನು ಐ32 ಮಾಡಿ ಬಳಸಬೇಕು. ಇಲ್ಲದಿದ್ದರೆ ಆಟಗಾರ 0 ಡಿಗ್ರಿ ದಾಟುವಾಗಲೆಲ್ಲ ದೃಶ್ಯ ಒಂದು ಇಡೀ ಸುತ್ತು ಹಿಂದಕ್ಕೆ ತಿರುಗಿ ಬರುತ್ತದೆ.